ಸೊನ್ನೆಯನ್ನು ದಾಟಲೊಲ್ಲದ ಕೋನ

ಬೆಂಗಳೂರಿನ ಒಂದು ಮನೆಯ ತಾರಸಿಗೆ ಸೌರಫಲಕಗಳ ಸ್ಟ್ಯಾಂಡನ್ನು ಕಟ್ಟಡಗಳ ಮಾದರಿ ರಚಿಸುವ ರೆವಿಟ್ ತಂತ್ರಾಂಶದಲ್ಲಿ ಫ್ಯಾಮಿಲಿಯಾಗಿ, ಅಂದರೆ ಅಳತೆ ಬದಲಿಸಿ ಮತ್ತೆ ಮತ್ತೆ ಬಳಸಬಹುದಾದ ಬಿಡಿಭಾಗದ ಮಾದರಿಯಾಗಿ, ಕಟ್ಟಿಕೊಡುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಸಾಮಾನ್ಯವಾಗಿ ಇಂಥ ಸ್ಟ್ಯಾಂಡುಗಳು ಒಂದೇ ಕೋನಕ್ಕೆ ಬೆಸುಗೆ ಹಾಕಿದವು. ಆದರೆ ಈ ಮನೆಯ ಯಜಮಾನರು ಫಲಕವನ್ನು ವರ್ಷದಲ್ಲಿ ನಾಲ್ಕಾರು ಬಾರಿ ತಮ್ಮ ಕೈಯಿಂದಲೇ ವಾಲಿಸಿ, ಆಯಾ ಕಾಲದ ನಡುಹಗಲಿನ ಸೂರ್ಯನಿಗೆ ಅದು ನೇರ ಎದುರಾಗುವಂತೆ ಇಡಬೇಕೆಂದು ಬಯಸಿದ್ದರು. ಅದರಿಂದ ಸಿಗುವ ಹೆಚ್ಚುವರಿ ವಿದ್ಯುತ್ತು ಅಷ್ಟೇನೂ ದೊಡ್ಡದಲ್ಲ ಎಂಬುದು ನನ್ನ ಅನಿಸಿಕೆಯಾಗಿದ್ದರೂ, ಕೋನವನ್ನು ಒಂದು ಪ್ಯಾರಾಮೀಟರ್ (ಬೇಕೆಂದಾಗ ಬದಲಿಸಬಹುದಾದ ಮೌಲ್ಯ) ಆಗಿ ಕೊಟ್ಟುಬಿಟ್ಟರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸವೆಂದು ಒಪ್ಪಿಕೊಂಡೆ. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಬೇಕಾದ ಕೋನಗಳ ಲೆಕ್ಕ ಸರಳವಾಗಿಯೇ ಇದೆ. ಬೆಂಗಳೂರು ಸುಮಾರು 13° ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯನ ಕ್ರಾಂತಿ, ಅಂದರೆ ಆಕಾಶದ ವಿಷುವದ್ವೃತ್ತದಿಂದ ಅವನು ಸರಿದಿರುವ ಕೋನ, ವರ್ಷವಿಡೀ 23.4° ದಕ್ಷಿಣದಿಂದ 23.4° ಉತ್ತರದವರೆಗೆ ಓಲಾಡುತ್ತದೆ. ನಡುಹಗಲಿನಲ್ಲಿ ಫಲಕ ಸೂರ್ಯನಿಗೆ ಲಂಬವಾಗಿರಬೇಕಾದರೆ ಅದು ದಕ್ಷಿಣಕ್ಕೆ ವಾಲಬೇಕಾದ ಕೋನವು ಅಕ್ಷಾಂಶದಿಂದ ಕ್ರಾಂತಿಯನ್ನು ಕಳೆದಷ್ಟು (ದಕ್ಷಿಣದ ಕ್ರಾಂತಿ ಋಣ ಸಂಖ್ಯೆ). ಡಿಸೆಂಬರ್ ಕೊನೆಯ ಭಾಗದಲ್ಲಿ ಅದು 36.4°, ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದಿನಗಳಲ್ಲಿ 13°, ಏಪ್ರಿಲ್ 24ರ ಆಸುಪಾಸಿನಲ್ಲಿ, ಅಂದರೆ ನಮ್ಮೂರಿನಲ್ಲಿ ನೆಟ್ಟ ಕಂಬದ ನೆರಳು ಅದರ ಬುಡದಲ್ಲೇ ಅಡಗುವ ಶೂನ್ಯ ನೆರಳಿನ ದಿನದಂದು, ಸೊನ್ನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿಗೆ ಮತ್ತೆ ಶೂನ್ಯ ನೆರಳಿನ ದಿನ ಬರುವವರೆಗೂ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆದ್ದರಿಂದ ಜೂನ್ ಕೊನೆಯಲ್ಲಿ ಈ ಕೋನ ಋಣಾತ್ಮಕವಾಗಿ −10.4° ಆಗುತ್ತದೆ, ಫಲಕ ಉತ್ತರಕ್ಕೆ ಮುಖ ಮಾಡಬೇಕಾಗುತ್ತದೆ. ದೆಹಲಿಯ ತಾರಸಿಯ ಮೇಲಾಗಿದ್ದರೆ ಈ ತೊಡಕು ಬರುತ್ತಲೇ ಇರಲಿಲ್ಲ. ಅಲ್ಲಿ ನಡುಹಗಲಿನ ಸೂರ್ಯ ಎಂದಿಗೂ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗುವುದಿಲ್ಲ.

ನಾನು ಕಲ್ಪಿಸಿಕೊಂಡ ಸ್ಟ್ಯಾಂಡು ಹೀಗಿತ್ತು: ಒಂದು ಮೀಟರ್ ಎತ್ತರದ ಕಂಬ, ಅದರ ತಲೆಯ ಮೇಲೊಂದು ಕೀಲು, ಆ ಕೀಲಿನ ಮೇಲೆ ಏತದ ಮರದಂತೆ ಎರಡೂ ಕಡೆ ಏರಿಳಿಯುವ ಎರಡು ಮೀಟರ್ ಉದ್ದದ ಫಲಕ. ಪಾರ್ಶ್ವನೋಟದಲ್ಲಿ ಕೀಲಿನ ಮಟ್ಟಕ್ಕೆ ಒಂದು ಅಡ್ಡ ರೆಫರೆನ್ಸ್ ಪ್ಲೇನ್ (ಅಳತೆಗೆ ಆಧಾರವಾಗುವ ತಳ) ಎಳೆದು, ಕೀಲಿನಿಂದ ಹೊರಡುವ ರೆಫರೆನ್ಸ್ ಲೈನಿಗೂ (ಆಧಾರಗೆರೆ) ಆ ಪ್ಲೇನಿಗೂ ನಡುವೆ ಕೋನದ ಡೈಮೆನ್ಷನ್ (ಅಳತೆ) ಇಟ್ಟು, ಅದಕ್ಕೆ ‘ವಾಲು’ ಎಂಬ ಪ್ಯಾರಾಮೀಟರಿನ ಹೆಸರು ಕಟ್ಟಿದೆ. 36, 25, 13, 5 ಎಂದು ಒಂದೊಂದಾಗಿ ಕೊಟ್ಟು ನೋಡಿದಾಗ ಫಲಕ ಹೇಳಿದಂತೆ ಕೇಳಿತು. ಸೊನ್ನೆ ಕೊಟ್ಟೊಡನೆ ‘ಕನ್‌ಸ್ಟ್ರೇಂಟ್ಸ್ ಆರ್ ನಾಟ್ ಸ್ಯಾಟಿಸ್ಫೈಡ್’ (ನಿಬಂಧನೆಗಳು ಈಡೇರುತ್ತಿಲ್ಲ) ಎಂಬ ಪೆಟ್ಟಿಗೆ ತೆರೆದುಕೊಂಡಿತು. ಋಣ ಸಂಖ್ಯೆಯನ್ನಂತೂ ಅದು ಒಪ್ಪಲೇ ಇಲ್ಲ.

ತಪ್ಪು ತಂತ್ರಾಂಶದ್ದೆಂದು ಗೊಣಗುತ್ತಾ ಮೊದಲ ದಿನ ಕಳೆಯಿತು. ಆಮೇಲೆ ಹೊಳೆದದ್ದೇನೆಂದರೆ, ಡೈಮೆನ್ಷನ್ ಎನ್ನುವುದು ಎರಡು ಗೆರೆಗಳ ನಡುವಿನ ಅಂತರವೇ ಹೊರತು ಒಂದು ಗೆರೆಯನ್ನು ತಿರುಗಿಸುವ ಆಜ್ಞೆಯಲ್ಲ. ಎರಡು ಗೆರೆಗಳ ನಡುವಿನ ಕೋನಕ್ಕೆ ಗಾತ್ರವಿದೆ, ಚಿಹ್ನೆಯಿಲ್ಲ. ಅಡ್ಡಗೆರೆಯ ಮೇಲಕ್ಕೆ 10° ಆದರೂ ಕೆಳಕ್ಕೆ 10° ಆದರೂ ಅಳತೆಪಟ್ಟಿಗೆ ಅದು ಹತ್ತೇ. ಎರಡೂ ಗೆರೆಗಳು ಒಂದರ ಮೇಲೊಂದು ಕೂತುಬಿಟ್ಟಾಗ ಅಲ್ಲಿ ಅಳೆಯಲು ಕೋನವೇ ಉಳಿದಿರುವುದಿಲ್ಲ; 180° ಆದಾಗಲೂ ಅದೇ ಗತಿ.

ಇದನ್ನು ಇಂಥದೇ ಇನ್ನೊಂದು ತಂತ್ರಾಂಶವಾದ ಆರ್ಕಿಕ್ಯಾಡ್‌ನಲ್ಲಿ ಬಿಡಿಭಾಗಗಳನ್ನು ಬರೆಯುವ ಜಿಡಿಎಲ್ ಭಾಷೆಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ‘ರಾಟ್‌ಎಕ್ಸ್’, ‘ರಾಟ್‌ವೈ’, ‘ರಾಟ್‌ಝಡ್’ ಎಂಬ ಆಜ್ಞೆಗಳು ಅಕ್ಷವ್ಯವಸ್ಥೆಯನ್ನೇ ಇಡಿಯಾಗಿ ತಿರುಗಿಸುತ್ತವೆ, ಮುಂದೆ ಬರೆಯುವ ಆಕೃತಿಗಳೆಲ್ಲ ತಿರುಗಿದ ಅಕ್ಷದಲ್ಲೇ ಮೂಡುತ್ತವೆ. ಆದ್ದರಿಂದ ಸೊನ್ನೆಯೂ ಋಣವೂ ಅಲ್ಲಿ ಮಾಮೂಲಿ ಸಂಖ್ಯೆಗಳೇ. ಸ್ಕೆಚ್‌ಅಪ್ ಎಂಬ ಮತ್ತೊಂದು ತಂತ್ರಾಂಶದ ಡೈನಾಮಿಕ್ ಕಾಂಪೊನೆಂಟಿನಲ್ಲಿಯೂ (ಅಳತೆ ಬದಲಿಸಬಹುದಾದ ಬಿಡಿಭಾಗ) ತಿರುಗುವಿಕೆ ಭಾಗದ ಸ್ವಂತ ಗುಣ. ರೆವಿಟ್‌ನ ಫ್ಯಾಮಿಲಿಯಲ್ಲಿ ಮಾತ್ರ ಕೋನವು ಎರಡು ವಸ್ತುಗಳ ನಡುವಿನ ಸಂಬಂಧ. ಸಂಬಂಧವೆಂದ ಮೇಲೆ ಯಾರ ಜೊತೆಗೆ ಎಂಬ ಪ್ರಶ್ನೆ ಮೊದಲು ಏಳಬೇಕು. ನಾನು ಅದನ್ನು ಕೇಳಿಕೊಂಡಿರಲಿಲ್ಲ, ಕಣ್ಣಿಗೆ ಬಿದ್ದ ಅಡ್ಡಗೆರೆಗೆ ಗಂಟು ಹಾಕಿಬಿಟ್ಟಿದ್ದೆ.

ಎರಡನೆಯ ದಿನ ಅಡ್ಡ ಪ್ಲೇನಿನ ಬದಲು ಕೀಲಿನ ಮೂಲಕ ಹಾಯುವ ಲಂಬ ಪ್ಲೇನಿನಿಂದ ಕೋನ ಅಳೆದೆ. ‘ವಾಲು’ ಎಂಬುದನ್ನು ಡೈಮೆನ್ಷನ್ನಿಗೆ ಕಟ್ಟದೆ ಬರಿಯ ಕೋನದ ಪ್ಯಾರಾಮೀಟರ್ ಆಗಿ ಉಳಿಸಿದೆ. ಹಾಗೆ ಉಳಿದಾಗ ಅದು ಋಣ ಸಂಖ್ಯೆಯನ್ನು ಯಾವ ತಕರಾರೂ ಇಲ್ಲದೆ ಇಟ್ಟುಕೊಳ್ಳುತ್ತದೆ. ಡೈಮೆನ್ಷನ್ನಿಗೆ ‘ಒಳಕೋನ’ ಎಂಬ ಇನ್ನೊಂದು ಪ್ಯಾರಾಮೀಟರ್ ಕಟ್ಟಿ, ಅದರ ಫಾರ್ಮುಲಾ ಅಂಕಣದಲ್ಲಿ 90° − ವಾಲು ಎಂದು ಬರೆದೆ. ಈಗ ವಾಲು 36.4°ಯಿಂದ −10.4°ಗೆ ಇಳಿದರೆ ಒಳಕೋನ 53.6°ಯಿಂದ 100.4°ಗೆ ಏರುತ್ತದೆ, ಸೊನ್ನೆಯೂ 180° ಎಂಬುದೂ ಈ ವ್ಯಾಪ್ತಿಯಿಂದ ಬಹಳ ದೂರ. ಬದಲಾದದ್ದು ಅಳತೆ ಶುರುವಾಗುವ ಗೆರೆಯೊಂದೇ. ಬರೆದ ಮೇಲೆ ಗಮನಿಸಿದೆ: 53.6° ಎಂದರೆ ಡಿಸೆಂಬರ್‌ನ ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಕ್ಷಿಣ ದಿಗಂತದಿಂದ ಇರುವ ಎತ್ತರವೇ. ಅನುಕೂಲಕ್ಕೆಂದು ಸೃಷ್ಟಿಸಿಕೊಂಡ ಒಳಕೋನ ಆಕಾಶದಲ್ಲಿ ಮೊದಲೇ ಇದ್ದ ಕೋನವಾಗಿತ್ತು.

ಸೊನ್ನೆಯ ತೊಡಕಿಗೆ ಅನೇಕರು ಹೇಳಿಕೊಡುವ ಇನ್ನೊಂದು ಉಪಾಯವಿದೆ: ಸೊನ್ನೆ ಬಂದಾಗ 0.01° ಕೊಟ್ಟುಬಿಡುವುದು. ನಾನು ಅದನ್ನು ಒಪ್ಪುವುದಿಲ್ಲ. ಕಣ್ಣಿಗೆ ಕಾಣದ ಆ ಓರೆಯ ಮೇಲೆ ಮುಂದೆ ಯಾರಾದರೂ ಗೆರೆ ಎಳೆದರೆ, ಅಳತೆ ಹಾಕಿದರೆ, ಗೆರೆ ಅಕ್ಷದಿಂದ ತುಸು ಸರಿದಿದೆ ಎಂಬ ಎಚ್ಚರಿಕೆಗಳು ಸಾಲುಗಟ್ಟುತ್ತವೆ. ಮೂಲ ಎಲ್ಲಿದೆಯೆಂದು ಹುಡುಕುವವನಿಗೆ ಅದು ಸಿಗುವುದೂ ಇಲ್ಲ. ಅದೂ ಅಲ್ಲದೆ ಋಣಕೋನಕ್ಕೆ ಈ ಉಪಾಯದಿಂದ ಏನೂ ಪ್ರಯೋಜನವಿಲ್ಲ.

ರೆಫರೆನ್ಸ್ ಪ್ಲೇನನ್ನು ಬಿಟ್ಟು ರೆಫರೆನ್ಸ್ ಲೈನನ್ನೇ ಏಕೆ ತಿರುಗಿಸಬೇಕು ಎಂಬುದನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಹೊಸದಾಗಿ ಫ್ಯಾಮಿಲಿ ಕಟ್ಟುವವರು ಎಡವುವುದು ಇಲ್ಲಿಯೇ. ರೆಫರೆನ್ಸ್ ಪ್ಲೇನಿಗೆ ತಾತ್ವಿಕವಾಗಿ ತುದಿಯೇ ಇಲ್ಲ. ಅದು ಎರಡೂ ಕಡೆ ಅನಂತವಾಗಿ ಹರಡಿದ ತಳ. ತುದಿಯಿಲ್ಲದ್ದಕ್ಕೆ ‘ಇಷ್ಟು ಕೋನ ತಿರುಗು’ ಎಂದರೆ ಯಾವ ಬಿಂದುವಿನ ಸುತ್ತ ತಿರುಗಬೇಕೆಂಬುದು ಅದಕ್ಕೆ ತಿಳಿಯದು, ಕೆಲವೊಮ್ಮೆ ನಾವು ಎಣಿಸಿರದ ಕಡೆಯಿಂದ ತಿರುಗಿಬಿಡುತ್ತದೆ. ರೆಫರೆನ್ಸ್ ಲೈನಿಗೆ ಆರಂಭವಿದೆ, ಅಂತ್ಯವಿದೆ. ನೇರವಾದ ಒಂದು ಲೈನು ತನ್ನೊಂದಿಗೆ ನಾಲ್ಕು ತಳಗಳನ್ನು ಹೊತ್ತು ತರುತ್ತದೆ: ಉದ್ದಕ್ಕೂ ಒಂದಕ್ಕೊಂದು ಲಂಬವಾದ ಎರಡು, ಎರಡು ತುದಿಗಳಲ್ಲಿ ಒಂದೊಂದು. ಫಲಕವನ್ನು ಉದ್ದದ ತಳದ ಮೇಲೆ ಕೂರಿಸಿದರೆ ಲೈನು ತಿರುಗಿದಂತೆಲ್ಲ ಫಲಕವೂ ತಿರುಗುತ್ತದೆ.

ಆದರೆ ಆರಂಭದ ತುದಿಯನ್ನು ಕೀಲಿಗೆ ಕಟ್ಟಿಹಾಕುವ ಕೆಲಸ ತಾನಾಗಿ ಆಗುವುದಿಲ್ಲ. ಎರಡನ್ನು ಒಂದೇ ಸಾಲಿಗೆ ತರುವ ಅಲೈನ್ ಉಪಕರಣ ಹಿಡಿದು, ಮೊದಲು ಲಂಬ ಪ್ಲೇನನ್ನು ಒತ್ತಿ, ಲೈನಿನ ತುದಿಯ ಮೇಲೆ ಮೌಸ್ ಇಟ್ಟು, ಗೆರೆಯ ಬದಲು ತುದಿಯ ಚುಕ್ಕೆ ಬೆಳಗುವವರೆಗೆ ಟ್ಯಾಬ್ ಕೀಲಿಯನ್ನು ಒತ್ತಿ, ಕ್ಲಿಕ್ಕಿಸಿ, ಮೂಡುವ ಬೀಗವನ್ನು ಮುಚ್ಚಬೇಕು. ಆಮೇಲೆ ಅಡ್ಡ ಪ್ಲೇನಿಗೂ ಇದನ್ನೇ ಮಾಡಬೇಕು. ಎರಡು ಬೀಗಗಳು ಬೇಕೇ ಬೇಕು. ಒಂದನ್ನು ಮರೆತಿದ್ದ ನನ್ನ ಹಳೆಯ ಫ್ಯಾಮಿಲಿಯೊಂದರಲ್ಲಿ ಕಿಟಕಿಯ ಮೇಲಿನ ಬಿಸಿಲುಮರೆಯು ಕೋನ ಬದಲಿಸಿದಾಗಲೆಲ್ಲ ಗೋಡೆಯನ್ನು ಬಿಟ್ಟು ಒಂದು ಗೇಣು ಆಚೆ ತೇಲುತ್ತಿತ್ತು, ನಕ್ಷೆ ಮುದ್ರಣವಾಗುವವರೆಗೂ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನೊಂದು ಎಚ್ಚರ: ಲೈನನ್ನು ಮೊದಲ ಸಲ ಎಳೆಯುವಾಗ ಅಡ್ಡಕ್ಕೂ ಲಂಬಕ್ಕೂ ಹತ್ತಿರವಿಲ್ಲದ ಯಾವುದಾದರೂ ಓರೆಯಲ್ಲಿ, 40° ಎಂದಿಟ್ಟುಕೊಳ್ಳಿ, ಎಳೆಯುವುದು ಕ್ಷೇಮ. ನಾವು ಕೊಡದ ಅಳತೆಗಳನ್ನು ರೆವಿಟ್ ತಾನೇ ಊಹಿಸಿ ಒಳಗೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ವಿಸಿಬಿಲಿಟಿ ಪಟ್ಟಿಯಲ್ಲಿ ‘ಆಟೊಮ್ಯಾಟಿಕ್ ಸ್ಕೆಚ್ ಡೈಮೆನ್ಷನ್ಸ್’ ಎಂಬುದನ್ನು ತೋರಿಸುವಂತೆ ಮಾಡಿದರೆ ಈ ಗುಪ್ತ ಹಿಡಿತಗಳು ಕಾಣಿಸಿಕೊಳ್ಳುತ್ತವೆ. ಕೋನ ಮೊಂಡುತನ ತೋರಿದಾಗಲೆಲ್ಲ ನಾನು ಈಗ ಮೊದಲು ತೆರೆಯುವುದು ಅದನ್ನೇ.

ಇಷ್ಟಾದ ಮೇಲೆ ಫ್ಯಾಮಿಲಿ ಸರಿಯಾಗಿಯೇ ಓಡಾಡುತ್ತಿತ್ತು, ಕೆಲಸ ಮುಗಿಯಿತೆಂದುಕೊಂಡು ಫ್ಯಾಬ್ರಿಕೇಷನ್‌ನವರಿಗೆ ತೋರಿಸಿದೆ. ಅವರು ಪರದೆಯಲ್ಲಿ 22.7° ಎಂಬ ಸಂಖ್ಯೆಯನ್ನು ನೋಡಿ, ‘ಸರ್, ಇದಕ್ಕೆ ತೂತು ಎಲ್ಲಿ ಹೊಡೀಲಿ?’ ಎಂದು ಕೇಳಿದರು. ನನ್ನ ಮಾದರಿಯಲ್ಲಿ ಫಲಕವನ್ನು ಆ ಕೋನದಲ್ಲಿ ಹಿಡಿದು ನಿಲ್ಲಿಸುವ ಭಾಗವೇ ಇರಲಿಲ್ಲ. ಅವರು ಕಲ್ಪಿಸಿಕೊಂಡಿದ್ದು ಕಂಬದಿಂದ ಫಲಕದ ದಕ್ಷಿಣಾರ್ಧದ ಕೆಳಭಾಗಕ್ಕೆ ಚಾಚಿದ ಒಂದು ಊರೆ: ಒಂದರೊಳಗೊಂದು ಜಾರುವ ಎರಡು ಕೊಳವೆಗಳು, ಅವುಗಳಲ್ಲಿ ಸಾಲಾಗಿ ತೂತುಗಳು, ಒಂದು ಪಿನ್ನು. ಊರೆಯ ಬುಡ ಕೀಲಿನಿಂದ 600 ಮಿ.ಮೀ. ಕೆಳಗೆ ಕಂಬದ ಮೇಲೆ, ತಲೆ ಕೀಲಿನಿಂದ 500 ಮಿ.ಮೀ. ದೂರದಲ್ಲಿ ಫಲಕದ ಮೇಲೆ.

ಕಂಬ, ಫಲಕ, ಊರೆ ಈ ಮೂರೂ ಸೇರಿ ಒಂದು ತ್ರಿಕೋನ. ಫಲಕದ ದಕ್ಷಿಣಾರ್ಧಕ್ಕೂ ಕೆಳಗಿಳಿಯುವ ಕಂಬಕ್ಕೂ ನಡುವಿನ ಕೋನವು ಫಲಕದ ಉತ್ತರಾರ್ಧಕ್ಕೂ ಮೇಲೇರುವ ಲಂಬಕ್ಕೂ ನಡುವಿನ ಕೋನಕ್ಕೆ ಶೃಂಗಾಭಿಮುಖವಾದ್ದರಿಂದ ಅದು ನಾನು ಈಗಾಗಲೇ ಕಟ್ಟಿದ್ದ ಒಳಕೋನವೇ. ಎರಡು ಬಾಹುಗಳೂ ಅವುಗಳ ನಡುವಿನ ಕೋನವೂ ತಿಳಿದ ಮೇಲೆ ಮೂರನೆಯ ಬಾಹುವನ್ನು ಹೈಸ್ಕೂಲು ದಾಟಿದವರೆಲ್ಲ ಒಮ್ಮೆ ಬಾಯಿಪಾಠ ಮಾಡಿದ ಕೊಸೈನ್ ನಿಯಮ ಕೊಡುತ್ತದೆ: ಡಿಸೆಂಬರ್‌ಗೆ ಊರೆಯ ಉದ್ದ 504 ಮಿ.ಮೀ., ಫಲಕ ಮಟ್ಟಸವಾಗಿ ಮಲಗಿದಾಗ 781, ಜೂನ್‌ಗೆ 848. ಆದರೆ ಇದನ್ನು ಹಾಗೆಯೇ ಬರೆದಿಟ್ಟರೆ ಅವರ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಕೊಳವೆಯಲ್ಲಿ ತೂತುಗಳಿರುವುದು ಐದೇ ಕಡೆ, 22.7° ಎಂಬುದಕ್ಕೆ ಹೊಂದುವ ತೂತು ಇಲ್ಲವೆಂದರೆ ಆ ಕೋನ ತಾರಸಿಯ ಮೇಲೆ ಇಲ್ಲವೇ ಇಲ್ಲ. ಇಲ್ಲದ ಕೋನವನ್ನು ಟೈಪ್ ಮಾಡಲು ನನ್ನ ಫ್ಯಾಮಿಲಿ ಅವಕಾಶ ಕೊಡುತ್ತಿತ್ತು.

ಆಗ ನಾಲ್ಕನೆಯ ದಿನದ ಕೆಲಸ ಶುರುವಾಯಿತು: ಲೆಕ್ಕವನ್ನು ತಿರುಗಿ ಹಾಕುವುದು. ‘ತೂತು’ ಎಂಬ ಪೂರ್ಣಾಂಕದ ಪ್ಯಾರಾಮೀಟರ್ ಮಾಡಿ, ಊರೆಯ ಉದ್ದಕ್ಕೆ 520 ಮಿ.ಮೀ. ಮತ್ತು ಮೊದಲನೆಯದರ ನಂತರದ ಪ್ರತಿ ತೂತಿಗೆ 80 ಮಿ.ಮೀ. ಎಂಬ ಫಾರ್ಮುಲಾ ಕೊಟ್ಟೆ. ಎರಡು ಬಾಹುಗಳ ವರ್ಗಗಳ ಮೊತ್ತದಿಂದ ಊರೆಯ ವರ್ಗವನ್ನು ಕಳೆದು, ಬಂದದ್ದನ್ನು ಅದೇ ಎರಡು ಬಾಹುಗಳ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿ, ಅದರ ವಿಲೋಮ ಕೊಸೈನನ್ನು ಒಳಕೋನವಾಗಿಸಿದೆ. ವಿಸ್ತೀರ್ಣವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಮಾನವಿಲ್ಲದ ಬರಿಯ ಸಂಖ್ಯೆ ಉಳಿಯುವುದರಿಂದ ರೆವಿಟ್ ಮಾನಗಳು ಹೊಂದುತ್ತಿಲ್ಲವೆಂದು ತಕರಾರು ತೆಗೆಯುವುದಿಲ್ಲ. ಅಳತೆಗಳನ್ನು ಬರಿಯ ಸಂಖ್ಯೆಗಳಾಗಿ ಬರೆದು ಅವಸರ ಮಾಡಿದಾಗಲೇ ಆ ತಕರಾರು ಬರುವುದು. ಕೊನೆಗೆ ವಾಲು ಎಂಬುದು 90° − ಒಳಕೋನ ಎಂದಾಯಿತು. ಹಳೆಯ ಫಾರ್ಮುಲಾವನ್ನು ಅಳಿಸಲು ಮರೆತಿದ್ದರಿಂದ ಒಂದನ್ನೊಂದು ಆಧರಿಸಿದ ಸೂತ್ರಗಳ ಚಕ್ರವುಂಟಾಗಿದೆಯೆಂಬ ದೋಷವೂ ಒಮ್ಮೆ ಬಂದುಹೋಯಿತು. ಕೋನ ತೂತನ್ನು ಆಳಬಹುದು ಅಥವಾ ತೂತು ಕೋನವನ್ನು ಆಳಬಹುದು, ಎರಡೂ ಒಟ್ಟಿಗೆ ಸಾಧ್ಯವಿಲ್ಲ.

ಐದು ತೂತುಗಳಿಗೆ ಬಂದ ವಾಲು ಕ್ರಮವಾಗಿ 34.5°, 24.6°, 14.2°, 3.1° ಮತ್ತು −9.2°. ಡಿಸೆಂಬರ್‌ಗೆ ಮೊದಲನೆಯದು, ಫೆಬ್ರುವರಿ ನಡುವಿಗೆ ಮತ್ತು ಅಕ್ಟೋಬರ್ ಕೊನೆಗೆ ಎರಡನೆಯದು, ವಿಷುವದಿನಗಳ ಸುತ್ತ ಮೂರನೆಯದು, ಏಪ್ರಿಲ್ ನಡುವಿಗೆ ನಾಲ್ಕನೆಯದು, ಮಳೆಗಾಲದ ಆರಂಭಕ್ಕೆ ಐದನೆಯದು. ಆದರ್ಶ ಕೋನಕ್ಕೂ ಇವಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ಎರಡು ಡಿಗ್ರಿ, ಅದರಿಂದ ಕಳೆದುಕೊಳ್ಳುವ ಬೆಳಕು ಶೇಕಡಾ ಒಂದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಯಾರಾದರೂ ತೂತಿನ ಸಂಖ್ಯೆಯಾಗಿ 0 ಅಥವಾ 9 ಎಂದು ಬರೆದರೆ ಅದನ್ನು 1ಕ್ಕೋ 5ಕ್ಕೋ ಎಳೆದು ನಿಲ್ಲಿಸುವ ಒಂದು ‘ಇಫ್’ ಸೂತ್ರವನ್ನೂ ಸೇರಿಸಿದೆ. 9ನೆಯ ತೂತಿಗೆ ಊರೆ 1,160 ಮಿ.ಮೀ. ಆಗುತ್ತದೆ, 600 ಮತ್ತು 500ರ ಬಾಹುಗಳಿಗೆ ಅಷ್ಟುದ್ದದ ಮೂರನೆಯ ಬಾಹು ಇರುವ ತ್ರಿಕೋನವೇ ಇಲ್ಲ, ವಿಲೋಮ ಕೊಸೈನ್ ಅಲ್ಲಿ ಕೈಚೆಲ್ಲುತ್ತದೆ.

ಪೂರ್ತಿ 360° ಸುತ್ತಬೇಕಾದ ಭಾಗಗಳಿಗೆ ಈ ಯಾವ ದಾರಿಯೂ ಸಾಲದು. ಅಂಥಲ್ಲಿ ನಾನು ಬಿಂದುಗಳನ್ನು ಆಧರಿಸಿ ಕಟ್ಟುವ ಅಡಾಪ್ಟಿವ್ ಫ್ಯಾಮಿಲಿಯಲ್ಲಿ ಬಿಂದುವಿಗೇ ಇರುವ ತಿರುಗುಕೋನದ ಗುಣಕ್ಕೆ ಪ್ಯಾರಾಮೀಟರ್ ಕಟ್ಟುತ್ತೇನೆ. ಅದು ಬೇರೆಯೇ ಬರಹಕ್ಕೆ ಬೇಕಾಗುವಷ್ಟು ದೊಡ್ಡದು.

ಫ್ಯಾಮಿಲಿಯನ್ನು ಕಚೇರಿಯ ಹಿರಿಯರಿಗೆ ಒಪ್ಪಿಸಿದ ಮರುದಿನ ಅವರು ಕರೆದು, ವಾಲು ಎಂಬ ಅಂಕಣ ಮಸುಕಾಗಿದೆ, ಅದರಲ್ಲಿ 20 ಎಂದು ಬರೆಯಲು ಬಿಡುತ್ತಿಲ್ಲ, ಏನೋ ಕೆಟ್ಟಿರಬೇಕು ನೋಡು ಎಂದರು. ಸೂತ್ರದಿಂದ ಬರುವ ಸಂಖ್ಯೆಯ ಅಂಕಣವನ್ನು ಕೈಯಿಂದ ತಿದ್ದಲು ಬರುವುದಿಲ್ಲ, ಕೆಟ್ಟಿಲ್ಲ ಎಂದೆ. ‘ಹಾಗಾದರೆ 20 ಬೇಕಾದರೆ?’ ಎಂದು ಕೇಳಿದರು. ಎರಡನೆಯ ತೂತಿಗೂ ಮೂರನೆಯ ತೂತಿಗೂ ನಡುವೆ ಇನ್ನೊಂದು ಕೊರೆಸಬೇಕಾಗುತ್ತದೆ, ಫ್ಯಾಬ್ರಿಕೇಷನ್‌ನವರನ್ನು ಕೇಳಿ ಹೇಳುತ್ತೇನೆ ಎಂದೆ.