ಅಮ್ಮತ್ತಿಲಿ ಇಳಿಯೋ ಹುಡುಗ

ನಂಗೆ ಚಿಕ್ಕಂದಿನಿಂದ ಮಿಮಿಕ್ರಿ ಚೆನ್ನಾಗಿ ಬರ್ತಿತ್ತು. ಎಸ್ಟೇಟ್ ಮ್ಯಾನೇಜರ್ ಜೀಪಿಂದ ಇಳೀತಾ ಕೆಮ್ಮೋದು, ಸಂತೆಲಿ ಒಣಮೀನು ಮಾರೋರ ಕೂಗು, ಬಸ್ ಕ್ಲೀನರ್ ಬಾಗಿಲು ಬಡಿದು 'ರೈಟ್ ಪೋಯಿ' ಅನ್ನೋದು, ಎಲ್ಲಾ ಮಾಡ್ತಿದ್ದೆ. ಮನೆಗೆ ನೆಂಟರು ಬಂದ್ರೆ ಅಪ್ಪ ಕರೆದು 'ಮಾಡಿ ತೋರ್ಸಾ' ಅನ್ನೋರು, ನಾನು ಕಾಫಿ ಲೋಟ ಪಕ್ಕಕ್ಕಿಟ್ಟು ಶುರು ಹಚ್ಕೊಳ್ತಿದ್ದೆ. ಮುಂದೆ ಸಿನಿಮಾಕ್ಕೆ ಹೋಗ್ತಾನೆ ಅಂತೆಲ್ಲಾ ಹೇಳ್ತಿದ್ರು. ಸಿನಿಮಾಕ್ಕೇನೂ ಹೋಗ್ಲಿಲ್ಲ, ಈಗ ಮೆಣಸು ಕಾಫಿ ಲೆಕ್ಕ ಬರ್ಕೊಂಡು ಇದ್ದೀನಿ, ಆದ್ರೆ ಆ ವಿದ್ಯೆನ ನಾನು ಜೀವನದಲ್ಲಿ ಸೀರಿಯಸ್ಸಾಗಿ ಬಳಸಿದ್ದು ಒಂದೇ ಕಡೆ, ಅದನ್ನ ಬರೀಬೇಕು ಅಂತ ಎರಡು ವರ್ಷದಿಂದ ಅನ್ಕೊಳ್ತಾ ಇದ್ದೆ.

1998ರಲ್ಲಿ ಎಂಟನೇ ಕ್ಲಾಸಿಗೆ ನಾನು ವಿರಾಜಪೇಟೆಗೆ ಬಂದೆ. ಅದಕ್ಕೆ ಮುಂಚೆ ನಾವು ಭಾಗಮಂಡಲದ ಕಡೆ ಇದ್ವಿ. ಅಪ್ಪನಿಗೆ ಅಮ್ಮತ್ತಿ ಆಚೆ ಒಂದು ಎಸ್ಟೇಟಲ್ಲಿ ರೈಟರ್ ಕೆಲಸ ಸಿಕ್ತು, ತೋಟದೊಳಗೇ ಒಂದು ಮನೆ ಕೊಟ್ರು. ನಮ್ಮ ಮನೆಮಾತು ಅರೆಭಾಷೆ, ಕನ್ನಡಕ್ಕೆ ಹತ್ತಿರದ್ದೇ ಒಂದು ಮಾತು, ಅದರಲ್ಲಿ 'ಇಲ್ಲ' ಅನ್ನೋಕೆ 'ಇಲ್ಲೆ' ಅಂತೀವಿ. ಕೊಡಗಿನ ಯಾವ ಕ್ಲಾಸ್‌ರೂಮಿಗೆ ಹೋದ್ರೂ ಐದಾರು ಮನೆಮಾತು ಇರ್ತವೆ, ಕೊಡವ ತಕ್ಕ್, ಮಲಯಾಳ, ತುಳು, ಬ್ಯಾರಿ, ಯರವರದ್ದು, ನಮ್ಮದು, ಮತ್ತೆ ಇವೆಲ್ಲದರ ಮೇಲೆ ಪುಸ್ತಕದ ಕನ್ನಡ ಒಂದು. ಯಾರ ಕನ್ನಡದಲ್ಲಿ ಮನೆಮಾತಿನ ವಾಸನೆ ಬರುತ್ತೋ ಅವರು ಸಿಕ್ಕಿಹಾಕೊಂಡ ಹಾಗೆ. ಮೊದಲನೇ ವಾರನೇ ಸಾರ್ ಹೋಮ್‌ವರ್ಕ್ ಮಾಡಿದ್ಯಾ ಅಂತ ಕೇಳಿದ್ರು, ನನ್ನ ಬಾಯಿಂದ ಮನೆ ಥರಾನೇ 'ಇಲ್ಲೆ ಸಾರ್' ಅಂತ ಬಂತು. ಸಾರ್ 'ಇಲ್ಲೇ ಇದ್ಯಾ? ತೋರ್ಸು ಹಾಗಾದ್ರೆ' ಅಂದ್ರು. ಕ್ಲಾಸು ಬಿದ್ದು ಬಿದ್ದು ನಕ್ತು. ಅವತ್ತಿಂದ ನನ್ನ ಹೆಸರು ಇಲ್ಲೆ. ಬಸ್ ಸ್ಟಾಂಡಲ್ಲಿ ಇಲ್ಲೆ, ಗ್ರೌಂಡಲ್ಲಿ ಇಲ್ಲೆ, ಹಾಕಿ ಟೀಮ್ ಮಾಡೋವಾಗ ಕೊನೆಗೆ ಉಳಿಯೋನು ಇಲ್ಲೆ. ಈಗ ಅರೆಭಾಷೆಗೆ ಅಂತಾನೇ ಮಡಿಕೇರಿಲಿ ಸರ್ಕಾರದ ಅಕಾಡೆಮಿ ಇದೆ, ಪುಸ್ತಕ ತರ್ತಾರೆ, ನೋಡಿದಾಗ ಖುಷಿ ಆಗುತ್ತೆ, ಆದ್ರೆ ಹದಿಮೂರು ವರ್ಷದ ನನಗೆ ಆಗ ಬೇಕಾಗಿದ್ದು ಅಕಾಡೆಮಿ ಅಲ್ಲ, ನನಗಿಂತ ಜಾಸ್ತಿ ನಗೆಪಾಟಲಾಗೋ ಇನ್ನೊಬ್ಬ.

ಅವನು ನನ್ನ ಮುಂದಿನ ಬೆಂಚಲ್ಲೇ ಇದ್ದ.

ಅವನಿಗೆ ಉಗ್ಗು ಇತ್ತು. ಅವನ ಹೆಸರು ಇಲ್ಲಿ ಹಾಕಲ್ಲ. ಎಲ್ಲಾ ಮಾತಿಗೂ ತಡೀತಿರ್ಲಿಲ್ಲ, ಪ ಕಾರ, ಕ ಕಾರ ಶುರುವಿಗೆ ಬಂದ್ರೆ ಬಾಯಿ ಬೀಗ ಹಾಕಿದ ಹಾಗೆ ನಿಂತ್ಬಿಡೋದು, ಕಣ್ಣು ಮುಚ್ಕೊಂಡು ಕತ್ತು ಒಂಚೂರು ಎಳೆದು ಆಮೇಲೆ ಅಕ್ಷರ ಹೊರಗೆ ಬರೋದು. ದಿನಾ ಬೆಳಿಗ್ಗೆ ಹಾಜರಿ ಅವನಿಗೆ ದೊಡ್ಡ ಗಂಡಾಂತರ. ನಮ್ಮ ಸ್ಕೂಲಲ್ಲಿ 'ಪ್ರೆಸೆಂಟ್ ಸಾರ್' ಅನ್ನಬೇಕಿತ್ತು. ಅವನು ಎದ್ದು ನಿಂತು ಕೈ ಎತ್ತೋನು. ಕೆಲವು ಸಾರ್‌ಗಳು ಅಷ್ಟಕ್ಕೇ ಟಿಕ್ ಹಾಕಿ ಮುಂದೆ ಹೋಗೋರು, ಒಬ್ರು ಮಾತ್ರ ಬಿಡ್ತಿರ್ಲಿಲ್ಲ, 'ಬಾಯಿಲ್ವಾ ನಿಂಗೆ' ಅಂತ ಪೆನ್ನು ಮೇಲೆತ್ತಿ ಕಾಯೋರು. ಒಂದು ದಿನ ಹಾಗೇ ಕಾಯ್ತಾ ಇದ್ದಾಗ, ಪೂರ್ತಿ ಕ್ಲಾಸು ಸೈಲೆಂಟು, ಹೊರಗೆ ಹಂಚಿನ ಮೇಲೆ ಮಳೆ ಸದ್ದು ಒಂದೇ, ನಾನು ಹಿಂದಿನ ಬೆಂಚಿಂದ ಅವನ ದನಿಯಲ್ಲೇ, ಅವನ ತಡೆ ಸಮೇತ, ಕತ್ತು ಎಳೆಯೋ ಉಸಿರಿನ ಸಮೇತ, ಆ ಎರಡು ಪದ ಹೇಳಿದೆ.

ಒಂದು ಸೆಕೆಂಡು ಯಾರಿಗೂ ಯಾರು ಹೇಳಿದ್ದು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಸಾರ್ ನಕ್ರು. ಸಾರ್ ನಕ್ಕ ಮೇಲೆ ಕ್ಲಾಸು ನಕ್ತು, ಈ ಆರ್ಡರ್ ನಂಗೆ ಸ್ಪಷ್ಟವಾಗಿ ನೆನಪಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಲಿ ಮಕ್ಕಳಿಗೆ ಹೊಡೆಯೋ ಹಾಗಿಲ್ಲ, ಮಾನಸಿಕ ಹಿಂಸೆನೂ ಕೊಡೋ ಹಾಗಿಲ್ಲ ಅಂತ ಬರೆದಿದ್ದಾರೆ, ಒಳ್ಳೇದು, ಬೆತ್ತ ಆದ್ರೆ ಕೈ ಮೇಲೆ ಗೆರೆ ಕಾಣುತ್ತೆ, ಆ ನಗುನ ಯಾವ ಆಫೀಸರ್ ಬಂದು ಹಿಡೀತಾರೆ ಹೇಳಿ.

ಆವತ್ತು ಮಧ್ಯಾಹ್ನ ಊಟದ ಬೆಲ್ ಹೊಡೆಯೋ ಹೊತ್ತಿಗೆ ನನ್ನ 'ಇಲ್ಲೆ' ಅನ್ನೋ ಹೆಸರು ಹೋಗಿತ್ತು. ಅವನಿಗೆ ಟೇಪು ಅನ್ನೋ ಹೆಸರು ಬಂದಿತ್ತು, ಟೇಪ್ ರೆಕಾರ್ಡರಲ್ಲಿ ಕ್ಯಾಸೆಟ್ ಸಿಕ್ಕಾಕೊಂಡ ಹಾಗೆ ಅಂತ. ಹೆಸರು ಇಟ್ಟಿದ್ದು ನಾನಲ್ಲ, ಅದೊಂದು ಸಮಾಧಾನ ತುಂಬಾ ವರ್ಷ ಇಟ್ಕೊಂಡಿದ್ದೆ.

ಒಂದು ವಿಷಯ ಮಾತ್ರ ನಮಗೆಲ್ಲಾ ಅರ್ಥ ಆಗ್ತಿರ್ಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಲೈನಲ್ಲಿ ನಿಂತಾಗ ಅವನಿಗೆ ಒಂದಕ್ಷರ ತಡೀತಿರ್ಲಿಲ್ಲ. ಎಲ್ಲರಿಗಿಂತ ಅವನ ದನಿನೇ ಚೆನ್ನಾಗಿರೋದು. ಮಗ್ಗಿನ ಎಲ್ಲರ ಜೊತೆ ಸೇರಿ ಹೇಳುವಾಗ್ಲೂ ಸಲೀಸು. ಹಾಡುವಾಗ, ನಾಲ್ಕು ಜನರ ಜೊತೆ ಒಟ್ಟಿಗೆ ಹೇಳುವಾಗ ಉಗ್ಗು ಇರೋ ಹೆಚ್ಚಿನವರಿಗೆ ತಡೆಯಲ್ಲ, ಅದು ಈಗ ಗೊತ್ತು. ಆಗ ನಮ್ಮ ತೀರ್ಪು ಬೇರೆ, 'ಪ್ರಾರ್ಥನೆಗೆ ಬರುತ್ತೆ, ಹಾಜರಿಗೆ ಬರಲ್ವಾ, ನಾಟಕ ಆಡ್ತಾನೆ ಮಾರಾಯ'. ಅಂದ್ರೆ ಅವನು ಚೆನ್ನಾಗಿ ಹಾಡೋದೂ ಅವನ ಮೇಲಿನ ಕೇಸಿಗೆ ಸಾಕ್ಷಿ ಆಯ್ತು. ಪಾಪ, ಒಂಬತ್ತನೇ ಕ್ಲಾಸಿನ ಹೊತ್ತಿಗೆ ಪ್ರಾರ್ಥನೆಲೂ ಬಾಯಿ ಮುಚ್ಕೊಂಡು ನಿಲ್ಲೋಕೆ ಶುರು ಮಾಡಿದ.

ಆ ಒಂಬತ್ತನೇ ಕ್ಲಾಸಿನ ಕೊನೆಗೆ, 2000ದಲ್ಲಿ, ಹೃತಿಕ್ ರೋಷನ್ ಹುಚ್ಚು ಹಿಡಿದಿತ್ತು ಎಲ್ಲರಿಗೂ. ನೋಟ್‌ಬುಕ್ ಮೇಲೆ ಸ್ಟಿಕ್ಕರು, ಕಂಪಾಸ್ ಬಾಕ್ಸ್ ಒಳಗೆ ಫೋಟೋ, ಗ್ರೌಂಡಲ್ಲಿ ಅದೇ ಸ್ಟೆಪ್ಪು. ಆ ಮನುಷ್ಯನಿಗೂ ಸಣ್ಣ ವಯಸ್ಸಿಂದ ಉಗ್ಗು ಇತ್ತು ಅಂತ ಅವನೇ ಇಂಟರ್‌ವ್ಯೂಗಳಲ್ಲಿ ಹೇಳ್ಕೊಂಡಿದ್ದಾನೆ. ನಾನು ಅದನ್ನ ಕೇಳಿದ್ದು ಎಷ್ಟೋ ವರ್ಷ ಆದ್ಮೇಲೆ. ಆಗ್ಲೇ ಗೊತ್ತಿದ್ರೆ ನಿಲ್ಲಿಸ್ತಿದ್ವಾ? ನಂಗನ್ಸಲ್ಲ, ಸ್ಟಿಕ್ಕರೂ ಇಟ್ಕೊಂಡು ಅವನನ್ನೂ ಗೋಳು ಹುಯ್ಕೊಳ್ತಿದ್ವಿ.

ಇನ್ನೊಂದು ಹೇಳ್ಬೇಕು, ಹೇಳದೆ ಬಿಟ್ರೆ ಕಥೆ ಅರ್ಧ ಸುಳ್ಳು. ಕೊನೇ ಬೆಂಚಲ್ಲಿ ಹಾಡಿಯಿಂದ, ಅಂದ್ರೆ ಆದಿವಾಸಿಗಳ ಕೇರಿಯಿಂದ, ಬರೋ ಇಬ್ರು ಯರವರ ಹುಡುಗ್ರು ಇದ್ರು. ಅವರಿಗೆ ನಾವು ಅಡ್ಡಹೆಸರು ಇಡ್ಲಿಲ್ಲ, ಮಿಮಿಕ್ರಿನೂ ಮಾಡ್ಲಿಲ್ಲ. ಒಳ್ಳೆತನಕ್ಕಲ್ಲ. ಅಣಕಿಸೋಕೆ ಅವರ ಮಾತು ಕೇಳಿರ್ಬೇಕಲ್ವಾ, ಯಾರೂ ಅವರನ್ನ ಮಾತಾಡಿಸ್ತಾನೇ ಇರ್ಲಿಲ್ಲ. ಡಿಸೆಂಬರಲ್ಲಿ ಕಾಫಿ ಕೊಯ್ಲು ಶುರುವಾದಾಗ ಅವರ ಜಾಗ ಖಾಲಿ ಆಯ್ತು, ಕೊಯ್ಲು ಮುಗಿದ್ಮೇಲೂ ಖಾಲಿನೇ ಇತ್ತು, ಯಾಕೆ ಅಂತ ಕ್ಲಾಸಲ್ಲಿ ಒಬ್ರೂ ಕೇಳ್ಲಿಲ್ಲ. ನಮ್ಮ ತೋಟದಲ್ಲೇ ಅವರಲ್ಲಿ ಒಬ್ಬ ಅವರಮ್ಮನ ಜೊತೆ ಹಣ್ಣು ಕುಯ್ತಿದ್ದ, ಸಂಜೆ ಅಪ್ಪ ಬುಕ್ಕಲ್ಲಿ ಅವನು ತಂದ ಚೀಲದ ತೂಕ ಬರೀತಿದ್ರು. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. ಮಾತಾಡ್ಸಿಲ್ಲ.

ಎಸ್ಸೆಸ್ಸೆಲ್ಸಿ 2001ರಲ್ಲಿ ಮುಗೀತು, ಒಬ್ಬೊಬ್ರು ಒಂದೊಂದು ದಿಕ್ಕು. ಅವನು ಸಿಕ್ಕಿದ್ದು 2024ರ ಏಪ್ರಿಲಲ್ಲಿ ನಾಪೋಕ್ಲುಲಿ. ಕೊಡವ ಕುಟುಂಬಗಳ ಹಾಕಿ ಟೂರ್ನಮೆಂಟು, ಆ ವರ್ಷ ಕುಂಡ್ಯೋಳಂಡ ಕುಟುಂಬದ ಕಪ್, 360 ತಂಡ, ಊರಿಗೆ ಊರೇ ಅಲ್ಲಿತ್ತು. 1997ರಲ್ಲಿ ಕರಡದಲ್ಲಿ ಶುರುವಾದಾಗಿಂದ ಆಡೋರಿಗಿಂತ ನೋಡೋರದ್ದೇ ದೊಡ್ಡ ಹಬ್ಬ ಅದು, ನನ್ನಂಥ ಕೊಡವ ಅಲ್ಲದೋರೂ ಬಿಸಿಲಲ್ಲಿ ಕೂತ್ಕೊಂಡು ಅಂಪೈರ್‌ಗೆ ಬೈತೀವಿ. ಜ್ಯೂಸ್ ಅಂಗಡಿ ಹತ್ರ ಒಬ್ಬ 'ಇಲ್ಲೆ' ಅಂತ ಕರ್ದ. ಇಪ್ಪತ್ತಾರು ವರ್ಷ ಆದ್ಮೇಲೆ ಆ ಹೆಸರು ಕೇಳಿ ಬೆನ್ನು ತಣ್ಣಗಾಯ್ತು. ತಿರುಗಿದ್ರೆ ಅವನು.

ಅವನು ಹೇಳಿದ್ದನ್ನ ಇಲ್ಲಿ ತಡೆ ಇಲ್ಲದೆ ಬರೀತಾ ಇದ್ದೀನಿ. ಈಗ್ಲೂ ಅವನಿಗೆ ತಡೆಯುತ್ತೆ, ಅವನು ಕಣ್ಣು ಮುಚ್ಚಲ್ಲ ಈಗ, ಅಕ್ಷರ ಬರೋವರೆಗೆ ನಿಮ್ಮನ್ನೇ ನೋಡ್ತಾ ಇರ್ತಾನೆ, ನೋಡೋರಿಗೇ ಕಷ್ಟ ಆಗೋದು. ಆದ್ರೆ ಅಕ್ಷರ ಎರಡೆರಡು ಸಲ ಟೈಪ್ ಮಾಡಿ ತೋರಿಸಿದ್ರೆ ಅದೂ ಮಿಮಿಕ್ರಿನೇ ಆಗುತ್ತೆ.

ಪಿಯುಸಿ ಆದ್ಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ, ಮಾನಸಗಂಗೋತ್ರಿ ಹತ್ರ ಇದ್ಯಲ್ಲಾ ಅಲ್ಲಿಗೆ, ಕೆಲವು ತಿಂಗಳು ಹೋಗ್ತಿದ್ದನಂತೆ. ಅಲ್ಲಿವರೆಗೆ ಆಗಿದ್ದ ಔಷಧಿ ಅಂದ್ರೆ ಅವರಜ್ಜಿ ಕಲ್ಲಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದು. 'ಬಾಯೆಲ್ಲಾ ಉರೀತಿತ್ತು, ಮಾತು ಮಾತ್ರ ಹಾಗೇ ಇತ್ತು' ಅಂದ. ಹೆದರಿಕೆಯಿಂದ ಬರೋ ರೋಗ ಅಲ್ಲ ಇದು, ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಶುರುವಾಗುತ್ತೆ, ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ, ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಳ್ಕೊಳ್ಳುತ್ತೆ, ಹೆಣ್ಣುಮಕ್ಕಳಿಗಿಂತ ಗಂಡಸರಿಗೇ ಜಾಸ್ತಿ, ಮನೆತನದಲ್ಲೂ ಬರುತ್ತೆ ಅಂತೆಲ್ಲಾ ಅವನೇ ಹೇಳ್ದ. ಮೈಸೂರಲ್ಲಿ ಅವನಿಗೆ ಮೊದಲು ಹೇಳಿದ್ದು ಮಾತು ತಪ್ಪಿಸ್ಕೊಂಡು ಓಡಬೇಡ ಅಂತ. ತಡೆಯೋ ಪದದ ಬದಲು ಸುಲಭದ ಪದ ಹಾಕೋದು ಉಗ್ಗು ಇರೋರ ಹಳೇ ಉಪಾಯ, ಅದು ಮಾಡ್ತಾ ಮಾಡ್ತಾ ಜೀವನಾನೇ ಸಣ್ಣದಾಗುತ್ತೆ ಅಂದ್ರಂತೆ.

'ನಂಗೆ ತಕ್ಷಣ ಬಸ್ಸು ನೆನಪಾಯ್ತು' ಅಂದ. ಯಾವ ಬಸ್ಸು ಅಂದೆ.

ನಾವಿಬ್ರೂ ಒಂದೇ ಬಸ್ಸಲ್ಲಿ ಬರ್ತಿದ್ವಿ, ಸಂಜೆ ವಿರಾಜಪೇಟೆಯಿಂದ ಪಾಲಿಬೆಟ್ಟಕ್ಕೆ ಹೋಗೋ ಪ್ರೈವೇಟ್ ಬಸ್ಸು. ಅವನು ಅಮ್ಮತ್ತಿಲಿ ಇಳೀತಿದ್ದ, ನಾನು ಅದರ ಮುಂದೆ ನಮ್ಮ ಎಸ್ಟೇಟ್ ಗೇಟಲ್ಲಿ. ಮೂರು ವರ್ಷನೂ ನಾನು ಅವನ ಮನೆ ಅಮ್ಮತ್ತಿ ಅಂತಾನೇ ತಿಳ್ಕೊಂಡಿದ್ದೆ.

ಅವನ ಮನೆ ಇದ್ದಿದ್ದು ಪಾಲಿಬೆಟ್ಟದಲ್ಲಿ.

ಕಂಡಕ್ಟರ್‌ಗೆ ಪಾಲಿಬೆಟ್ಟ ಅನ್ನಬೇಕಲ್ಲ. ಮುಂಚೆ ಹೇಗೋ ಹೇಳ್ತಿದ್ದನಂತೆ, ಲೇಟಾದ್ರೂ ಬರ್ತಿತ್ತು, ಯಾರೂ ತಲೆ ಕೆಡಿಸ್ಕೊಳ್ತಿರ್ಲಿಲ್ಲ. ನಾನು ಕ್ಲಾಸಲ್ಲಿ ಶುರು ಮಾಡಿದ್ಮೇಲೆ ಬಸ್ಸಲ್ಲೂ ಶುರುವಾಯ್ತು, ಅವನು ಬಾಯಿ ತೆಗೆಯೋದನ್ನೇ ಹಿಂದಿನ ಸೀಟಿನೋರು ಕಾಯ್ತಾ ಇರ್ತಿದ್ವಿ. ಅಮ್ಮತ್ತಿ ಸಲೀಸಾಗಿ ಬರ್ತಿತ್ತು ಅವನಿಗೆ. ಅದಕ್ಕೆ ಅಮ್ಮತ್ತಿ ಅಂತ ಹೇಳಿ, ಅಮ್ಮತ್ತಿ ಟಿಕೆಟ್ ತಗೊಂಡು, ಅಮ್ಮತ್ತಿಲಿ ಇಳಿದು ಅಲ್ಲಿಂದ ನಡೆಯೋನು. ಗಂಟೆ ಮೇಲಿನ ದಾರಿ. ಜೂನ್ ಜುಲೈ ಮಳೆಲಿ, ಕಾಲಿಗೆ ಜಿಗಣೆ ಹತ್ತಿಸ್ಕೊಂಡು, ಎರಡೂ ಕಡೆ ತೋಟ, ಸಂಜೆ ಆದ್ರೆ ಆನೆ ರಸ್ತೆಗೆ ಇಳಿಯೋ ಜಾಗ ಅದು, ಗೊತ್ತಿರೋರಿಗೆ ಗೊತ್ತು. ಮನೇಲಿ ಬಸ್ ಲೇಟ್ ಅಂತ ಹೇಳ್ತಿದ್ದನಂತೆ. ನಮ್ಮ ಎಸ್ಟೇಟ್ ಗೇಟ್ ಮುಂದೆನೇ ದಾಟಿ ಹೋಗ್ಬೇಕು. ನಾನು ಆ ಹೊತ್ತಿಗೆ ಒಳಗೆ ಒಲೆ ಹತ್ರ ಕೂತು ಕಾಫಿ ಕುಡೀತಾ ಅವತ್ತು ಸ್ಕೂಲಲ್ಲಿ ಮಾಡಿದ ಮಿಮಿಕ್ರಿನ ಅಮ್ಮನಿಗೆ ಮಾಡಿ ತೋರಿಸ್ತಿದ್ದೆ.

ನಾನು ಸಾರಿ ಅಂದೆ. ನಂಗೂ ಆಗ ಹೆದರಿಕೆ ಇತ್ತು, ನನ್ನ ಭಾಷೆಗೆ ಎಲ್ಲಾ ನಗ್ತಿದ್ರು ಅಂತ ಏನೇನೋ ಹೇಳ್ದೆ. ಅವನು ಗ್ರೌಂಡ್ ನೋಡ್ತಾ ಹ್ಞೂಂ ಅಂದ. ಸ್ವಲ್ಪ ಹೊತ್ತು ಬಿಟ್ಟು ಹೇಳ್ದ, 'ನೀನು ಬರೋಕೆ ಮುಂಚೆನೂ ನಗ್ತಿದ್ರು ಮಾರಾಯ. ಆದ್ರೆ ನಾನು ಬಾಯಿ ಬಿಟ್ಟಾಗ ಮಾತ್ರ. ಸುಮ್ಮನೆ ಇದ್ರೆ ಬಚಾವ್. ನೀನು ಬಂದ್ಮೇಲೆ ನಾನು ಸುಮ್ಮನೆ ಕೂತಿದ್ರೂ ನನ್ನ ದನಿ ಕೇಳಿಸ್ತಿತ್ತು.'

ನನ್ನ ಹತ್ರ ಇದಕ್ಕೆ ಮಾತಿರ್ಲಿಲ್ಲ, ಈಗ್ಲೂ ಇಲ್ಲ. ಪೆನಾಲ್ಟಿ ಕಾರ್ನರ್ ಸಿಕ್ತು ಅಂತ ಜನ ಎದ್ದು ಕೂಗಿದ್ರು, ನಾವೂ ಎದ್ವಿ. ನಂಬರ್ ಕೇಳ್ದೆ, ಕೊಟ್ಟ. ಜ್ಯೂಸಿನ ದುಡ್ಡು ನಾನು ಕೊಡೋಕೆ ಹೋದ್ರೆ ಬಿಡ್ಲಿಲ್ಲ.

ಈಗ ಇದನ್ನ ಬರೆಯೋಕೆ ಕಾರಣ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪು. 25 ವರ್ಷ ಆಯ್ತು ಸೇರೋಣ ಅಂತ ಗ್ರೂಪ್ ಮಾಡಿದ್ರು, ಅವನು ಅದರಲ್ಲಿಲ್ಲ. ಮೊನ್ನೆ ಯಾರೋ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಹಾಕಿದ್ರು, ಎಲ್ಲಾ ಸೇರಿ ಸಾಲು ಸಾಲಾಗಿ ಹೆಸರು ಗುರುತಿಸ್ತಾ ಇದ್ರು. ಮೇಲಿನ ಸಾಲಲ್ಲಿ ಎಡದಿಂದ ನಾಲ್ಕನೇದು ಟೇಪು ಅಂತ ಒಬ್ಬ ಹಾಕ್ದ, ಅದಕ್ಕೆ ಹನ್ನೊಂದು ನಗೋ ಎಮೋಜಿ. ನಾನು ಅದರ ಕೆಳಗೆ ಅವನ ಪೂರ್ತಿ ಹೆಸರು ಟೈಪ್ ಮಾಡಿದೆ, ಇನಿಶಿಯಲ್ ಸಮೇತ.

ತುಂಬಾ ಹೊತ್ತು ಯಾರೂ ಏನೂ ಹೇಳ್ಲಿಲ್ಲ. ಆಮೇಲೆ ಒಬ್ಬಳು ಕೇಳಿದ್ಲು, 'ಅದ್ಯಾರು? ಆ ಹೆಸರಿನೋರು ನಮ್ಮ ಕ್ಲಾಸಲ್ಲಿ ಇದ್ರಾ?'