ಆ್ಯಪ್‌ನದ್ದೇ ತಪ್ಪು ಅಂದುಬಿಟ್ಟೆ

ಕೋಲ್ಡ್ ರೂಮ್ ಒಳಗೆ ಮೈನಸ್ 20 ಡಿಗ್ರಿ. ದಪ್ಪ ಜಾಕೆಟ್ ಹಾಕಿಕೊಂಡು ನಾಲ್ಕು ಜನ ನಿಂತಿದ್ದೆವು. ಕಸ್ಟಮರ್ ಕಡೆಯವರೊಬ್ಬರು, ನಮ್ಮ ಮ್ಯಾನೇಜರ್, ಆ್ಯಪ್ ಬರೆದ ಸಹೋದ್ಯೋಗಿ, ಡಿವೈಸ್ ಒಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್ ಬರೆದ ನಾನು. ಆಂಡ್ರಾಯ್ಡ್ ಟ್ಯಾಬ್ ಆ್ಯಪ್ ಬರೆದವಳ ಕೈಯಲ್ಲಿತ್ತು. ನಮ್ಮ ಲಾಗರ್, ಅಂದರೆ ಟೆಂಪರೇಚರ್ ದಾಖಲಿಸಿ ಬ್ಲೂಟೂತ್‌ನಲ್ಲಿ ಕಳಿಸುವ ಡಿವೈಸ್, ಎದುರಿನ ರ‍್ಯಾಕ್ ಮೇಲೆ, ಮೂರು ಮೀಟರ್ ದೂರವೂ ಇರಲಿಲ್ಲ. ಕನೆಕ್ಟ್ ಆಯಿತು. ಟೆಂಪರೇಚರ್ ಬಂತು. ಅರ್ಧ ನಿಮಿಷ ಆಗುವಷ್ಟರಲ್ಲಿ ಡಿಸ್‌ಕನೆಕ್ಟ್.

ಅವಳು ಮತ್ತೆ ಕನೆಕ್ಟ್ ಮಾಡಿದಳು. ಮತ್ತೆ ಅರ್ಧ ನಿಮಿಷ, ಮತ್ತೆ ಹೋಯಿತು. ಮೂರನೇ ಸಲವೂ ಹಾಗೇ. ಯಾರೂ ಮಾತಾಡುತ್ತಿಲ್ಲ. ಕಸ್ಟಮರ್ ಕಡೆಯವರು ಒಮ್ಮೆ ಟ್ಯಾಬ್ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ.

ನಾನು ಜೇಬಿನಿಂದ ನನ್ನ ಫೋನ್ ತೆಗೆದೆ. ಬ್ಲೂಟೂತ್ ಡಿವೈಸ್ ಪರೀಕ್ಷಿಸುವ ಎನ್‌ಆರ್‌ಎಫ್ ಕನೆಕ್ಟ್ ಅನ್ನುವ ಆ್ಯಪ್ ತೆರೆದು ಅದೇ ಲಾಗರ್‌ಗೆ ಕನೆಕ್ಟ್ ಮಾಡಿದೆ. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು, ಐದು ನಿಮಿಷ ಆಯಿತು. ಬೀಳಲೇ ಇಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ ಯೋಚನೆ ಮಾಡದೆ ಬಾಯಿಬಿಟ್ಟೆ. "ನೋಡಿ ಸರ್, ಡಿವೈಸ್ ಸರಿಯಾಗಿದೆ. ತಪ್ಪಿರೋದು ಆ್ಯಪ್‌ನಲ್ಲಿ."

ಅವಳು ಏನೂ ಹೇಳಲಿಲ್ಲ. ಟ್ಯಾಬ್ ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ವಾಪಸ್ ಬರುವಾಗ ಕಾರಿನಲ್ಲೂ ಮಾತಿಲ್ಲ. ಆ ಮೌನ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಅಲ್ಲಿ ಮಾಡಿದ್ದೇನೆಂದರೆ, ಆ್ಯಪ್ ಬದಲಿಸಿದೆ, ಜೊತೆಗೆ ಫೋನ್ ಕೂಡ ಬದಲಿಸಿದೆ. ಎರಡನ್ನೂ ಒಂದೇ ಸಲ. ಎರಡರಲ್ಲಿ ಯಾವುದರಿಂದ ಕನೆಕ್ಷನ್ ಬೀಳದೆ ಉಳಿಯಿತು ಅಂತ ನನಗೆ ಗೊತ್ತಿರಲಿಲ್ಲ. ಟ್ಯಾಬ್‌ನಲ್ಲೇ ಎನ್‌ಆರ್‌ಎಫ್ ಕನೆಕ್ಟ್ ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು. ಅದನ್ನು ಅವಳೇ ಮರುದಿನ ಮಾಡಿದಳು. ಲ್ಯಾಬ್‌ನ ಫ್ರೀಜರ್ ಬಾಕ್ಸ್‌ನಲ್ಲಿ ಲಾಗರ್ ಇಟ್ಟು, ಟ್ಯಾಬ್‌ನಲ್ಲಿ ನನ್ನದೇ ಟೂಲ್ ಹಾಕಿದಳು. 28 ಸೆಕೆಂಡಿಗೆ ಡಿಸ್‌ಕನೆಕ್ಟ್. ಸ್ಕ್ರೀನ್‌ಶಾಟ್ ಮಾತ್ರ ಕಳಿಸಿದಳು, ಒಂದು ಸಾಲೂ ಬರೆದಿರಲಿಲ್ಲ.

ಆಗಲಾದರೂ ನಾನು ಸರಿದಾರಿಗೆ ಬಂದೆನೇ? ಇಲ್ಲ. "ಫ್ರೀಜರ್ ಬಾಗಿಲು ಲೋಹದ್ದು, ಸಿಗ್ನಲ್ ಸಿಗಲ್ಲ" ಅಂದೆ. ಅದಕ್ಕೂ ಮೊದಲು ನಾನೇ ಲಾಗರನ್ನು 4 ಡಿಗ್ರಿಯ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟು, ಒಂದು ಸಲವೂ ಡಿಸ್‌ಕನೆಕ್ಟ್ ಆಗಿಲ್ಲ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದೆ. ಚಳಿಯಿಂದ ತೊಂದರೆ ಇಲ್ಲ ಅಂತ ನನ್ನ ಮನಸ್ಸು ತೀರ್ಮಾನ ಮಾಡಿಯಾಗಿತ್ತು.

ಮುಂದಿನ ಮೂರು ದಿನ ಬೇರೆ ಕಡೆ ಅಗೆದೆ. ಮೊದಲು ಸೆಲ್ ಮೇಲೆ ಅನುಮಾನ ಬಂತು. ಚಳಿಯಲ್ಲಿ ಸಿಆರ್2032, ಅಂದರೆ ನಮ್ಮ ಬಿಲ್ಲೆ ಸೆಲ್‌ನ ಒಳ ಪ್ರತಿರೋಧ ಏರುತ್ತದೆ, ರೇಡಿಯೊ ಆನ್ ಆದಾಗ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತ ತಡೆಯಲು 100 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಬೆಸುಗೆ ಹಾಕಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ ಸೆನ್ಸರ್. ರೀಸೆಟ್ ಆದಾಗ ಒಮ್ಮೊಮ್ಮೆ ಐ2ಸಿ ಬಸ್, ಅಂದರೆ ಚಿಪ್ ಜೊತೆ ಮಾತಾಡುವ ತಂತಿಗಳನ್ನು ಹಿಡಿದುಕೊಂಡುಬಿಡುತ್ತಿತ್ತು, ಡೇಟಾ ತಂತಿ ಎಸ್‌ಡಿಎ ಲೋನಲ್ಲೇ ನಿಲ್ಲುತ್ತಿತ್ತು. ಸಿಕ್ಕಿತು ಅಂದುಕೊಂಡೆ. ಒಂಬತ್ತು ಕ್ಲಾಕ್ ಪಲ್ಸ್ ಕೊಟ್ಟು ಬಸ್ ಬಿಡಿಸುವ ಕೋಡ್ ಸೇರಿಸಿದೆ. ಅದು ನಿಜವಾದ ದೋಷವೇ, ಸರಿ ಮಾಡಿದ್ದೂ ಒಳ್ಳೆಯದೇ ಆಯಿತು. ಆದರೆ ಇದಕ್ಕೂ ಡಿಸ್‌ಕನೆಕ್ಟ್‌ಗೂ ಸಂಬಂಧ ಇರಲಿಲ್ಲ.

ಇಷ್ಟು ದಿನವೂ ಲಾಗ್‌ನಲ್ಲಿ ಕಾರಣ ಒಂದೇ ಬರುತ್ತಿತ್ತು: 0x08. ಸೂಪರ್‌ವಿಷನ್ ಟೈಮ್‌ಔಟ್. ಯಾರೂ ಕನೆಕ್ಷನ್ ಕಡಿದಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ಹೋಗಿದೆ ಅಂತ ಅರ್ಥ. ಆ್ಯಪ್ ತಾನಾಗಿ ಕಡಿದಿದ್ದರೆ 0x13 ಬರಬೇಕಿತ್ತು. ಅಂದರೆ ಆ್ಯಪ್ ಅಲ್ಲ ಅನ್ನುವುದು ಕೋಲ್ಡ್ ರೂಮ್‌ಗೆ ಹೋಗುವ ಮೊದಲೇ ನನ್ನ ಲಾಗ್‌ನಲ್ಲಿತ್ತು. ನಾನು ಅದನ್ನು ಓದಿದ್ದೆ, ಅದರ ಬಗ್ಗೆ ಯೋಚಿಸಿರಲಿಲ್ಲ.

ಕೊನೆಗೆ ಸ್ನಿಫರ್, ಅಂದರೆ ಗಾಳಿಯಲ್ಲಿ ಹೋಗುವ ಬ್ಲೂಟೂತ್ ಪ್ಯಾಕೆಟ್‌ಗಳನ್ನು ಕದ್ದು ಕೇಳುವ ಡಾಂಗಲ್ ಹಚ್ಚಿದೆ. ಮೊದಲ ದಿನವೇ ಹಚ್ಚಬೇಕಿತ್ತು. ನಮ್ಮಲ್ಲಿ ಇದ್ದದ್ದು ಒಂದೇ ಡಾಂಗಲ್, ಅದು ಯಾವಾಗಲೂ ಇನ್ನೊಂದು ಟೀಮಿನ ಡ್ರಾಯರ್‌ನಲ್ಲಿ. ಬೇಕಾದಷ್ಟು ಚಳಿ-ಬಿಸಿ ಕೊಡುವ ಥರ್ಮಲ್ ಚೇಂಬರ್ ಬೇಕು ಅಂತ ಎರಡು ಸಲ ಮೇಲ್ ಹಾಕಿದ್ದೆ, ಎರಡು ಸಲವೂ "ಮುಂದಿನ ಕ್ವಾರ್ಟರ್ ನೋಡೋಣ" ಅಂತ ಉತ್ತರ ಬಂದಿತ್ತು. ಹಾಗಾಗಿ ಚೇಂಬರ್ ಬದಲು ಹೊಡೆದ ಕಡೆ ಥಟ್ಟನೆ ತಣ್ಣಗಾಗಿಸುವ ಒಂದು ಫ್ರೀಜ್ ಸ್ಪ್ರೇ ಡಬ್ಬಿ ತಂದುಕೊಂಡೆ.

ಬೋರ್ಡ್ ಬೆಂಚ್ ಮೇಲೆ, ಟ್ಯಾಬ್ ಪಕ್ಕದಲ್ಲಿ, ಸ್ನಿಫರ್ ಓಡುತ್ತಿದೆ. ನಮ್ಮ ಫರ್ಮ್‌ವೇರ್ ಕನೆಕ್ಟ್ ಆದ ಐದು ಸೆಕೆಂಡಿಗೆ ಪ್ಯಾರಾಮೀಟರ್ ಅಪ್‌ಡೇಟ್, ಅಂದರೆ ಕನೆಕ್ಷನ್‌ನ ಲೆಕ್ಕ ಬದಲಿಸಲು ಕೇಳುತ್ತದೆ. ಅಲ್ಲಿಂದ ಇಂಟರ್ವಲ್ 1 ಸೆಕೆಂಡ್, ಲೇಟೆನ್ಸಿ 4, ಟೈಮ್‌ಔಟ್ 20 ಸೆಕೆಂಡ್. ಬ್ಯಾಟರಿ ಉಳಿಸಲು ನಾನೇ ಇಟ್ಟ ಲೆಕ್ಕ. ಟ್ಯಾಬ್ ಪ್ರತಿ ಸೆಕೆಂಡ್ ಕರೆಯುತ್ತದೆ, ನಮ್ಮ ಚಿಪ್ ನಾಲ್ಕು ಕರೆ ಬಿಟ್ಟು ಐದಕ್ಕೊಮ್ಮೆ ಎದ್ದು ಓಗೊಡುತ್ತದೆ. 20 ಸೆಕೆಂಡ್ ಏನೂ ಕೇಳಿಸದಿದ್ದರೆ ಕನೆಕ್ಷನ್ ಹೋಯಿತು.

ಸೆನ್ಸರ್ ಮೇಲೆ ಸ್ಪ್ರೇ ಹೊಡೆದೆ. ಏನೂ ಆಗಲಿಲ್ಲ. ರೇಡಿಯೊಗೆ ತಾಳ ಕೊಡುವ 32 ಮೆಗಾಹರ್ಟ್ಸ್ ಕ್ರಿಸ್ಟಲ್ ಮೇಲೆ ಹೊಡೆದೆ. ಕನೆಕ್ಷನ್ ಅಲುಗಲಿಲ್ಲ. ಮೂಲೆಯಲ್ಲಿದ್ದ, ಚಿಪ್ ಮಲಗಿದಾಗ ಸಮಯ ಎಣಿಸುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಮೇಲೆ ಒಂದೇ ಒಂದು ಸಲ, ಸಣ್ಣಗೆ ಹೊಡೆದೆ. ಸ್ಕ್ರೀನ್ ಮೇಲೆ ಟ್ಯಾಬ್ ಕರೆಯುತ್ತಲೇ ಇತ್ತು, ಸೆಕೆಂಡಿಗೊಂದು ಪ್ಯಾಕೆಟ್, ಒಂದೂ ತಪ್ಪದೆ. ನಮ್ಮ ಕಡೆಯಿಂದ ಉತ್ತರ ನಿಂತುಹೋಯಿತು. ಐದು ಸೆಕೆಂಡ್, ಹತ್ತು, ಹದಿನೈದು. ಇಪ್ಪತ್ತಕ್ಕೆ 0x08.

ಬಿಸಿ ಗಾಳಿ ಹಿಡಿದೆ, ತೇವ ಒಣಗಿಸಿದೆ, ಮತ್ತೆ ಕನೆಕ್ಟ್ ಆಗಿ ಗಟ್ಟಿಯಾಗಿ ನಿಂತಿತು. ಸ್ಪ್ರೇ ಹೊಡೆದ ಕಡೆ ಇಬ್ಬನಿ ಕೂರುತ್ತದೆ. ಆ ತೇವದಿಂದಲೇ ಕ್ರಿಸ್ಟಲ್ ಓಲಾಡಬಹುದು. ಅದಕ್ಕೇ ಪ್ರತಿ ಸಲ ಒಣಗಿಸಿ, ಆರು ಸಲ ಮಾಡಿದೆ. ಆರು ಸಲವೂ ಅದೇ ಫಲ. ನನ್ನ ಫೋನ್‌ನಲ್ಲಿ ಮಾತ್ರ ಒಂದು ಸಲವೂ ಬೀಳಲಿಲ್ಲ.

ಫೋನಿಗೂ ಟ್ಯಾಬ್‌ಗೂ ಇದ್ದ ವ್ಯತ್ಯಾಸ ಸ್ನಿಫರ್ ಹಿಡಿದ ಕನೆಕ್ಟ್ ಪ್ಯಾಕೆಟ್‌ನಲ್ಲೇ ಇತ್ತು. ಕನೆಕ್ಟ್ ಆಗುವಾಗ ಫೋನ್ ತನ್ನ ಸ್ಲೀಪ್ ಕ್ಲಾಕ್ ಎಷ್ಟು ನಿಖರ ಅಂತ ಹೇಳುತ್ತದೆ. ಮೂರೇ ಬಿಟ್ಟಿನ ಒಂದು ಫೀಲ್ಡ್. ಟ್ಯಾಬ್ 50 ಪಿಪಿಎಂ ಅಂದಿತ್ತು, ಅಂದರೆ ಹತ್ತು ಲಕ್ಷದಲ್ಲಿ 50 ಪಾಲು ತಪ್ಪಬಹುದು; ನನ್ನ ಫೋನ್ 250. ನಮ್ಮ ಚಿಪ್ ಆ ಸಂಖ್ಯೆಗೆ ತನ್ನದನ್ನು ಕೂಡಿಸಿ, ಎಷ್ಟು ಮುಂಚೆ ಎದ್ದು ಎಷ್ಟು ಹೊತ್ತು ಕಿವಿಗೊಡಬೇಕು ಅಂತ ತೀರ್ಮಾನಿಸುತ್ತದೆ. ನಮ್ಮದು ಎಷ್ಟು ಅಂತ ಕಾನ್ಫಿಗ್ ಫೈಲ್‌ನಲ್ಲಿ ಬರೆದಿರಬೇಕು. ನಾನು ಡಿಫಾಲ್ಟ್ 7 ಬಿಟ್ಟಿದ್ದೆ. ನಮ್ಮ ಎನ್‌ಆರ್‌ಎಫ್52 ಚಿಪ್‌ನಲ್ಲಿ 7 ಅಂದರೆ 20 ಪಿಪಿಎಂ.

ಕ್ರಿಸ್ಟಲ್‌ನ ಡೇಟಾಶೀಟ್‌ನಲ್ಲೂ 20 ಪಿಪಿಎಂ ಅಂತಲೇ ಇದೆ. ಅದನ್ನು ನೋಡಿಯೇ ಸುಮ್ನೆ ಬಿಟ್ಟಿದ್ದೆ. ಆದರೆ ಆ 20 ಇರುವುದು 25 ಡಿಗ್ರಿಯಲ್ಲಿ. ಟ್ಯೂನಿಂಗ್ ಫೋರ್ಕ್ ಅನ್ನುವ ಈ ಬಗೆಯ ಕ್ರಿಸ್ಟಲ್ 25 ಡಿಗ್ರಿಯಿಂದ ಆಚೀಚೆ ಹೋದಷ್ಟೂ ನಿಧಾನವಾಗುತ್ತದೆ, ವ್ಯತ್ಯಾಸದ ವರ್ಗಕ್ಕೆ ಸುಮಾರು 0.034 ಪಿಪಿಎಂನಂತೆ. ಮೈನಸ್ 20ಕ್ಕೆ ವ್ಯತ್ಯಾಸ 45. ಅದರ ವರ್ಗ 2025. ಗುಣಿಸಿದರೆ ಹತ್ತಿರ ಹತ್ತಿರ 69 ಪಿಪಿಎಂ. 4 ಡಿಗ್ರಿಯ ಫ್ರಿಜ್‌ಗೆ ಅದೇ ಲೆಕ್ಕ ಹಾಕಿದರೆ ಬರೀ 15. ನನ್ನ ಫ್ರಿಜ್ ಟೆಸ್ಟ್ ಪಾಸಾದದ್ದು ಇದಕ್ಕೇ.

ಇದರ ಮೇಲೆ ಇನ್ನೊಂದು ಸೇರಿತ್ತು. ಈ ಬ್ಯಾಚ್‌ಗೆ ಹಳೆಯ ಕ್ರಿಸ್ಟಲ್ ಸ್ಟಾಕ್ ಇಲ್ಲ ಅಂತ ಪರ್ಚೇಸ್‌ನವರು ಬದಲಿ ಹಾಕಿದ್ದರು. ಬಿಡಿಭಾಗಗಳ ಪಟ್ಟಿಯಾದ ಬಿಒಎಂನ ಸಾಲಿನಲ್ಲಿ ಫ್ರೀಕ್ವೆನ್ಸಿ ಅದೇ, ಪಿಪಿಎಂ ಅದೇ, ಫುಟ್‌ಪ್ರಿಂಟ್ ಅದೇ. ಲೋಡ್ ಕೆಪ್ಯಾಸಿಟೆನ್ಸ್, ಅಂದರೆ ಕ್ರಿಸ್ಟಲ್ ಸರಿಯಾಗಿ ಓಡಲು ಬೋರ್ಡ್ ಕೊಡಬೇಕಾದ ಕೆಪ್ಯಾಸಿಟೆನ್ಸ್, ಮಾತ್ರ 9ರ ಬದಲು 7 ಪಿಕೊಫ್ಯಾರಡ್. ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳನ್ನು ಯಾರೂ ಬದಲಿಸಿರಲಿಲ್ಲ. ಲೋಡ್ ಜಾಸ್ತಿಯಾದರೆ ಕ್ರಿಸ್ಟಲ್ ಇನ್ನೂ ನಿಧಾನ. ಪರ್ಚೇಸ್‌ನವರನ್ನು ದೂರಿ ಏನು ಪ್ರಯೋಜನ? ಆ ಬದಲಿಗೆ ಒಪ್ಪಿಗೆ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಶುಕ್ರವಾರ ಸಂಜೆ ಬಂದ ಮೇಲ್‌ಗೆ "ಓಕೆ" ಅಂತ ಕಳಿಸಿದ್ದೆ.

ಅಳೆಯಲು ಹೋದಾಗಲೂ ಒಮ್ಮೆ ಎಡವಿದೆ. ಕ್ರಿಸ್ಟಲ್ ಕಾಲಿಗೇ ಪ್ರೋಬ್ ಇಟ್ಟೆ. ಪ್ರೋಬ್‌ನ ಕೆಪ್ಯಾಸಿಟೆನ್ಸ್ ಕೂಡ ಲೋಡ್‌ಗೆ ಸೇರುತ್ತದೆ ಅಲ್ವಾ, ಓದುವ ಸಂಖ್ಯೆಯೇ ಸುಳ್ಳಾಗುತ್ತದೆ. ಆಮೇಲೆ ಚಿಪ್ ಒಳಗಿನ ಗಡಿಯಾರ ಆರ್‌ಟಿಸಿಯ ಟಿಕ್ ಅನ್ನು ಚಿಪ್‌ನದ್ದೇ ಒಳಸಂಪರ್ಕವಾದ ಪಿಪಿಐ ಮೂಲಕ ಒಂದು ಖಾಲಿ ಪಿನ್‌ಗೆ ತಂದು ಕೌಂಟರ್‌ನಲ್ಲಿ ಅಳೆದೆ. ರೂಮಿನಲ್ಲೇ 28 ಪಿಪಿಎಂ ನಿಧಾನ. ಚಳಿಯ 69 ಸೇರಿದರೆ 97. ಟ್ಯಾಬ್‌ನ 50, ನಮ್ಮ 20 ಸೇರಿ ಸಿಗುವ ಅವಕಾಶ 70. ಐದು ಸೆಕೆಂಡ್ ಮಲಗಿ ಏಳುವಾಗ 485 ಮೈಕ್ರೊಸೆಕೆಂಡ್ ತಡವಾಗುತ್ತದೆ, ಆದರೆ ಚಿಪ್ ಕಿವಿಗೊಡುವುದು ಸುಮಾರು 350ರ ಒಳಗೆ ಮಾತ್ರ. ಎದ್ದಾಗ ಟ್ಯಾಬ್ ಮಾತು ಮುಗಿಸಿ ಹೋಗಿರುತ್ತದೆ. ಫೋನ್‌ನ ಜೊತೆ ಅವಕಾಶ 270, ಅದಕ್ಕೇ ಅಲ್ಲಿ ಉಳಿದುಕೊಂಡಿತ್ತು.

ಸರಿಪಡಿಸಿದ್ದು ಒಂದೇ ಅಂಕಿ. 7 ತೆಗೆದು 2 ಹಾಕಿದೆ, ಅಂದರೆ 150 ಪಿಪಿಎಂ. ಐದು ಸೆಕೆಂಡಿಗೊಮ್ಮೆ ರೇಡಿಯೊ ಒಂದೆರಡು ಮಿಲಿಸೆಕೆಂಡ್ ಜಾಸ್ತಿ ಎಚ್ಚರ ಇರುತ್ತದೆ, ಅಷ್ಟೇ. ಬ್ಯಾಟರಿ ಲೆಕ್ಕದಲ್ಲಿ ಅದು ದೊಡ್ಡದಲ್ಲ.

ಆದರೆ ನನ್ನನ್ನು ಜಾಸ್ತಿ ಚುಚ್ಚಿದ್ದು ಬೇರೆ. ಲೆಕ್ಕ ಬರೆಯುತ್ತಾ 97 ಪಿಪಿಎಂ ಅಂದರೆ ದಿನಕ್ಕೆ ಎಷ್ಟು ಅಂತ ನೋಡಿದೆ. ಎಂಟು ಸೆಕೆಂಡಿಗೂ ಮೇಲೆ. ಎಂಟು ಸೆಕೆಂಡ್ ಅನ್ನುವುದನ್ನು ಎಲ್ಲೋ ಓದಿದ ನೆನಪಾಯಿತು. ಟಿಕೆಟ್‌ಗಳಲ್ಲಿ ಹುಡುಕಿದೆ. ಟೆಸ್ಟಿಂಗ್ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಐದು ವಾರ ಮೊದಲೇ ಬರೆದಿದ್ದ: "ಕೋಲ್ಡ್ ರೂಮ್‌ನಲ್ಲಿಟ್ಟ ಲಾಗರ್‌ಗಳ ಟೈಮ್ ದಿನಕ್ಕೆ 8 ಸೆಕೆಂಡ್ ಹಿಂದೆ ಬೀಳುತ್ತಿದೆ." ಕೆಳಗೆ ನನ್ನ ಉತ್ತರ: "ಕನೆಕ್ಟ್ ಆದಾಗ ಸಿಂಕ್ ಆಗುತ್ತದೆ. ಲೋ ಪ್ರಯಾರಿಟಿ. ಕ್ಲೋಸ್." ಕಾರಣವನ್ನು ಅಳೆದು ಅಂಕಿ ಸಮೇತ ನನ್ನ ಕೈಗೆ ಕೊಟ್ಟಿದ್ದ ಅವನು. ನಾನು ಓದಲು ಒಂದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಟಿಕೆಟ್ ಮತ್ತೆ ತೆರೆದು, ಪೂರ್ತಿ ಲೆಕ್ಕ ಅದರಲ್ಲೇ ಬರೆದು, ಕಂಡುಹಿಡಿದವನು ಅವನು ಅಂತ ಹಾಕಿದೆ. ಆಮೇಲೆ ಆ್ಯಪ್ ಟೀಮಿನ ಕಡೆ ಹೋದೆ. ಅವಳ ಹತ್ತಿರ ಒಬ್ಬಳೇ ಇದ್ದಾಗ ಕ್ಷಮೆ ಕೇಳುವುದು ಸುಲಭವಿತ್ತು. ಆದರೆ ನಾನು ಹೇಳಿದ್ದು ನಾಲ್ಕು ಜನರ ಮುಂದೆ. ಮ್ಯಾನೇಜರನ್ನೂ ಸೇರಿಸಿ ಕಸ್ಟಮರ್‌ಗೆ ಮೇಲ್ ಬರೆದೆ: ಅಂದು ಆ್ಯಪ್‌ನಲ್ಲಿ ತಪ್ಪಿದೆ ಎಂದು ನಾನು ಹೇಳಿದ್ದು ಸರಿಯಲ್ಲ, ದೋಷ ಫರ್ಮ್‌ವೇರ್‌ನ ನನ್ನ ಸೆಟ್ಟಿಂಗ್‌ನಲ್ಲಿತ್ತು. ಕಸ್ಟಮರ್‌ಗೆ ಹಾಗೆಲ್ಲ ಬರೆಯುವುದು ಬೇಡ ಅಂತ ಮ್ಯಾನೇಜರ್ ಆಮೇಲೆ ಗೊಣಗಿದರು. ಅವಳು ಸಂಜೆ ನನ್ನ ಬೆಂಚ್ ಹತ್ತಿರ ಬಂದು, "ಮುಂದಿನ ಸಲ ಟ್ಯಾಬ್ ನಿನ್ನ ಕೈಲಿರಲಿ" ಅಂದಳು.

ಎರಡನೇ ಸಲ ಹೋದಾಗ ಟ್ಯಾಬ್ ನಾನೇ ಹಿಡಿದಿದ್ದೆ. ನಾಲ್ಕು ಗಂಟೆ ಕನೆಕ್ಷನ್ ಬೀಳಲಿಲ್ಲ.

ಆ ಹುಡುಗನ ಟಿಕೆಟ್ ಮಾತ್ರ ಇನ್ನೂ ತೆರೆದೇ ಇದೆ. ಕಾನ್ಫಿಗ್ ಬದಲಿಸಿದರೆ ಕನೆಕ್ಷನ್ ಬೀಳದೆ ಉಳಿಯುತ್ತದೆ, ಗಡಿಯಾರ ಸರಿಯಾಗುವುದಿಲ್ಲ. ಕೋಲ್ಡ್ ರೂಮ್‌ನಲ್ಲಿ ಇವತ್ತಿಗೂ ದಿನಕ್ಕೆ ಎಂಟು ಸೆಕೆಂಡ್ ಹಿಂದೆ ಬೀಳುತ್ತಿದೆ. ಕೆಪ್ಯಾಸಿಟರ್ ಬದಲಿಸಬೇಕು, ಟೆಂಪರೇಚರ್ ನೋಡಿ ಟೈಮ್ ತಿದ್ದುವ ಕೋಡ್ ಬರೆಯಬೇಕು. ಕೆಪ್ಯಾಸಿಟರ್ ಮುಂದಿನ ಬೋರ್ಡ್ ರಿವಿಷನ್‌ಗೆ ಅಂತ ಆಗಿದೆ. ಕೋಡ್ ನಾನು ಈ ವಾರ ಶುರು ಮಾಡಿದ್ದೇನೆ, ಅವನ ಅಳತೆಗಳನ್ನೇ ಇಟ್ಟುಕೊಂಡು.