ಖಾಲಿ ಅಂತ ಬರೆದಿಟ್ಟ ಗೊಂಡೋಲಾಗಳು

ಶನಿವಾರ, 14 ಜೂನ್ 2025, ರಾತ್ರಿ 11.40

ಮಾವ ಬಂದು ಹೋದರು. ಫೋನ್ ಮಾಡಿರಲಿಲ್ಲ. ಬಾಗಿಲಲ್ಲೇ ಅಮ್ಮ "ಒಂದು ಮಾತು ಹೇಳಿ ಬರಬಾರದಾ ಅಣ್ಣಾ" ಅಂದಳು, ಅವರು "ತಂಗಿ ಮನೆಗೆ ಬರೋಕೆ ಹೇಳಿ ಬರಬೇಕಾ" ಅಂದರು. ಮಂಗಳವಾರ ಅವರ ಬಲಗಣ್ಣಿನ ಪೊರೆ ತೆಗೆಯುತ್ತಾರಂತೆ. ಅದನ್ನು ಹೇಳೋಕೇ ಬಂದಿದ್ದು. ಆದರೆ ಮೊದಲ ಅರ್ಧ ಗಂಟೆ ಆ ಮಾತೇ ಎತ್ತಲಿಲ್ಲ. ಸೀದಾ ನನ್ನ ಕೋಣೆಗೆ ಬಂದು ಮೇಜಿನ ಮೇಲಿದ್ದ ಗೊಂಡೋಲಾ, ಅಂದರೆ ಮೇಲೆ ಮುಚ್ಚಳ ಇಲ್ಲದ ಸರಕು ರೈಲಿನ ವ್ಯಾಗನ್ನಿನ ಪುಟ್ಟ ಮಾದರಿ, ಎತ್ತಿಕೊಂಡರು.

ಅದು ನಾನು ಮೂರು ವಾರದಿಂದ ಹಿಡಿದು ಕೂತಿರೋ ಗೊಂಡೋಲಾ. ಪೆನ್ಸಿಲ್ವೇನಿಯಾ ರೈಲ್‌ರೋಡ್‌ನದು, ನಿಜವಾದದ್ದು ಒಳಗೆ 52 ಅಡಿ 6 ಇಂಚು ಉದ್ದ, 70 ಟನ್ ಹೊರುತ್ತೆ. ವ್ಯಾಗನ್ ಮಾಡಿದ್ದು ಒಂದೇ ವಾರದಲ್ಲಿ. ಉಳಿದ ಎರಡು ವಾರ ಹೋಗಿದ್ದು ಲೋಡಿಗೆ. ಉಕ್ಕಿನ ಪ್ಲೇಟುಗಳ ಲೋಡು, ಕಿಟ್ ಜೊತೆಗೇ ಬಂದಿತ್ತು, ಎರಕ ಹೊಯ್ದು ಮಾಡಿದ್ದು. ಗೋಡೆಯ ಅಂಚಿನವರೆಗೂ ತುಂಬುತ್ತೆ. ಅದಕ್ಕೆ ಬೂದು ಬಣ್ಣ, ಮೇಲೆ ನೀಲಿ ಛಾಯೆ, ಅಂಚಿಗೆ ತೆಳ್ಳಗೆ ತುಕ್ಕು. ಒಂದೊಂದು ಪ್ಲೇಟಿನ ಅಂಚೂ ಬೇರೆ ಬೇರೆ ಕಾಣೋ ಹಾಗೆ ಸಣ್ಣ ಬ್ರಶ್ಶಿನಲ್ಲಿ ಗೆರೆ ಎಳೆದಿದ್ದೆ.

ಮಾವ ಅದನ್ನು ಎಡಗಣ್ಣಿನ ಹತ್ತಿರ ಹಿಡಿದರು. ಬಲಗಣ್ಣಲ್ಲಿ ಈಗ ಬೆಳಕು ಮಾತ್ರ ಕಾಣುತ್ತೆ ಅಂತಾರೆ. ಆಮೇಲೆ ಹೆಬ್ಬೆರಳಿನಿಂದ ಲೋಡಿನ ಮೇಲೆ ಸವರಿದರು. ಗೋಡೆ ಎಲ್ಲಿ ಮುಗಿಯುತ್ತೆ, ಲೋಡು ಎಲ್ಲಿ ಶುರುವಾಗುತ್ತೆ ಅಂತ ಹುಡುಕಿದ ಹಾಗಿತ್ತು.

"ಇದೇನೋ ತುಂಬಿರೋದು?"

"ಉಕ್ಕಿನ ಪ್ಲೇಟು ಮಾವ. ಪಿಟ್ಸ್‌ಬರ್ಗ್ ಕಡೆ ಮಿಲ್ಲಿಂದ ಹೊರಟಿದೆ. 1951ನೇ ಇಸವಿ."

"ಎಷ್ಟು ಟನ್ನಿನ ಗಾಡಿ?"

"70."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಹೆಬ್ಬೆರಳು ಸವರಿದರು.

"ಇಷ್ಟು ಪ್ಲೇಟ್ ಹಾಕಿದ್ರೆ ಮಿಲ್ ಗೇಟೂ ದಾಟಲ್ಲ ಕಣೋ ಇದು. ಕೂತುಬಿಡುತ್ತೆ."

ನಾನು ಏನೋ ಹೇಳೋಕೆ ಹೋದೆ. ಅವರು ವ್ಯಾಗನ್ ಕೆಳಗಿಟ್ಟು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನಿಧಾನಕ್ಕೆ ಹೇಳಿದರು. "ನಾನು ಮೂವತ್ತು ವರ್ಷ ಲಾರಿ ಓಡಿಸಿದೀನಿ. ಜಾಸ್ತಿ ಹೊಡೆದಿದ್ದು ಕಬ್ಬಿಣದ ಲೋಡೇ. ಕಬ್ಬಿಣ ಹಾಕಿದ ಗಾಡಿ ದೂರದಿಂದ ನೋಡಿದ್ರೆ ಖಾಲಿ ಗಾಡಿ ಇದ್ದ ಹಾಗೇ ಇರುತ್ತೆ. ತಳದಲ್ಲಿ ಒಂದು ಗೇಣು ಇರಲ್ಲ ಮಾಲು. ಹೊಸ ಹುಡುಗ್ರು ಬಂದು, ಅಣ್ಣಾ ಇನ್ನೂ ಜಾಗ ಇದೆಯಲ್ಲಾ ಅನ್ನೋರು. ಜಾಗ ನೋಡಬೇಡ, ಟೈರ್ ನೋಡು ಅಂತಿದ್ದೆ."

ಟೈರ್ ನೋಡು.

ಅಷ್ಟರಲ್ಲಿ ಅಮ್ಮ ಕರೆದಳು, ಕಣ್ಣಿನ ಮಾತು ಶುರುವಾಯಿತು, ಯಾರು ಜೊತೆಗೆ ಹೋಗೋದು, ಎಷ್ಟು ಹೊತ್ತಿಗೆ ಹೋಗೋದು ಅಂತ. ನಾನೇ ಹೋಗ್ತೀನಿ ಅಂದೆ. ಬೇಡ ಅಂದರು. ಹೋಗ್ತೀನಿ.

ಅವರು ಹೊರಟ ಮೇಲೆ ಕಾಗದ ಪೆನ್ನು ಹಿಡಿದು ಕೂತೆ. ಲೆಕ್ಕ ಅಂಥಾ ಕಷ್ಟದ್ದೇನಲ್ಲ. ಇಷ್ಟು ವರ್ಷ ಯಾಕೆ ಮಾಡಲಿಲ್ಲ ಅನ್ನೋದೇ ಆಶ್ಚರ್ಯ. ಉಕ್ಕು ಒಂದು ಘನ ಅಡಿಗೆ ಸುಮಾರು 490 ಪೌಂಡ್ ತೂಗುತ್ತೆ. ಅಮೆರಿಕದ ಟನ್ ಅಂದರೆ 2,000 ಪೌಂಡ್, ಹಾಗಾಗಿ 70 ಟನ್ ಅಂದರೆ 1,40,000 ಪೌಂಡ್. ಭಾಗಿಸಿದರೆ 286 ಘನ ಅಡಿ ಉಕ್ಕು. ಗೊಂಡೋಲಾದ ತಳ ಐವತ್ತೆರಡೂವರೆ ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲ, ಅಂದರೆ ಹೆಚ್ಚೂಕಡಿಮೆ 499 ಚದರ ಅಡಿ. ತಳದ ತುಂಬ ಹಾಸಿದರೆ ಲೋಡಿನ ಎತ್ತರ ಏಳು ಇಂಚೂ ಬರಲ್ಲ. ಎಚ್‌ಓ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ ಎರಡು ಮಿಲಿಮೀಟರ್.

ಎರಡು ಮಿಲಿಮೀಟರ್! ನನ್ನ ಲೋಡು ಹನ್ನೆರಡು ಮಿಲಿಮೀಟರ್ ಇದೆ. ನಿಜವಾದ ಗಾಡಿಯಲ್ಲಿ ಅದು ಹೆಚ್ಚೂಕಡಿಮೆ 420 ಟನ್ ಆಗುತ್ತೆ. ಮಾವ ಹೆಬ್ಬೆರಳಲ್ಲಿ ಕಂಡುಹಿಡಿದಿದ್ದು ಇದನ್ನೇ.

ಪ್ಲೇಟುಗಳು ತಳದ ತುಂಬ ಹರಡಿರಲ್ಲ, ನಿಜ. ಗೋಡೆಯ ಪಕ್ಕ ಜಾಗ ಬಿಟ್ಟಿರುತ್ತಾರೆ, ಅಡಿಗೆ ಮರದ ತುಂಡುಗಳನ್ನು ಇಟ್ಟಿರುತ್ತಾರೆ, ಅದರ ಮೇಲೆ ಪ್ಲೇಟು. ಎಲ್ಲಾ ಸೇರಿಸಿದರೂ ಮೂರು, ಮೂರೂವರೆ ಮಿಲಿಮೀಟರ್ ಆಗಬಹುದು. ಗೋಡೆಗಿಂತ ತುಂಬಾ ಕೆಳಗೆ.

ಉಳಿದ ವ್ಯಾಗನ್‌ಗಳ ವಿಷಯದಲ್ಲಿ ನನಗೆ ಇದು ಗೊತ್ತಿತ್ತು ಅನ್ನೋದೇ ಬೇಜಾರು. ಮಿನ್ನೆಸೋಟಾದ ಮೆಸಾಬಿ ಗಣಿಗಳ ಕಬ್ಬಿಣದ ಅದಿರಿನ ವ್ಯಾಗನ್‌ಗಳು 24 ಅಡಿ ಮಾತ್ರ ಯಾಕೆ ಅಂತ ಯಾರಾದರೂ ಕೇಳಿದರೆ ಒಂದು ಗಂಟೆ ಮಾತಾಡುತ್ತೇನೆ. ಅದಿರು ಅಷ್ಟು ಭಾರ, ಉದ್ದನೆ ವ್ಯಾಗನ್ ಮಾಡಿದರೆ ಅರ್ಧ ಜಾಗ ದಂಡ. ಜೊತೆಗೆ ಸುಪೀರಿಯರ್ ಸರೋವರದ ಹಡಗುಕಟ್ಟೆಗಳಲ್ಲಿ ಅದಿರು ಸುರಿಯೋ ಗುಂಡಿಗಳು 12 ಅಡಿಗೊಂದು. 24 ಅಡಿಯ ವ್ಯಾಗನ್ ಆದರೆ ಗುಂಡಿಗಳ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡೋ ಕುಲುಮೆಯ ಇಂಧನ, ಹೆಚ್ಚೂಕಡಿಮೆ ಕಲ್ಲಿದ್ದಲಿನ ಅರ್ಧ ತೂಕ, ಅದಕ್ಕೆ ಕೋಕ್ ಸಾಗಿಸೋ ತಳಬಾಗಿಲಿನ ವ್ಯಾಗನ್‌ಗಳ, ಅಂದರೆ ಹಾಪರ್‌ಗಳ ಗೋಡೆ ಏರಿಸಿರುತ್ತಾರೆ. ಬಾಕ್ಸ್‌ಕಾರ್ ಅನ್ನೋ ಮುಚ್ಚಿದ ವ್ಯಾಗನ್ ಒಳಗೆ ಕಾಳು ತುಂಬೋವಾಗ ಎಲ್ಲಿವರೆಗೆ ತುಂಬಬೇಕು ಅಂತ ಗೋಡೆ ಮೇಲೆ ಗೆರೆ ಎಳೆದಿರುತ್ತಿದ್ದರು. ಗೋಧಿಗೆ ಒಂದು ಗೆರೆ, ಓಟ್ಸ್‌ಗೆ ಇನ್ನೂ ಮೇಲೆ ಇನ್ನೊಂದು. ಗೋಧಿ ಒಂದು ಬುಶೆಲ್‌ಗೆ 60 ಪೌಂಡ್, ಓಟ್ಸ್ 32. ಇಷ್ಟೆಲ್ಲಾ ಬಾಯಿಪಾಠ ಇದ್ದು ಉಕ್ಕಿನ ವಿಷಯಕ್ಕೆ ಬಂದಾಗ ಕಿಟ್ಟಿನವರು ಕೊಟ್ಟಿದ್ದನ್ನೇ ನಂಬಿದೆ.

ವ್ಯಾಗನ್ ಪಕ್ಕದಲ್ಲೇ ಬರೆದಿತ್ತಲ್ವಾ. ನಾನೇ ಅಂಟಿಸಿದ ಅಕ್ಷರಗಳು. ಮೊದಲ ಸಾಲು ಎಷ್ಟು ಪೌಂಡ್ ಹೊರೋಕೆ ಮಾಡಿದ್ದು ಅಂತ, ಎರಡನೆಯದು ಹೆಚ್ಚೆಂದರೆ ಎಷ್ಟು ತುಂಬಬಹುದು ಅಂತ, ಮೂರನೆಯದು ಖಾಲಿ ವ್ಯಾಗನ್ ತೂಕ. ಖಾಲಿ ತೂಕದ ಪಕ್ಕ ಯಾವ ಶೆಡ್ಡಿನಲ್ಲಿ, ಯಾವ ತಿಂಗಳು ತೂಗಿದ್ದು ಅಂತ ಪುಟ್ಟ ಅಕ್ಷರ. ಆ ತಿಂಗಳು 1951ಕ್ಕೆ ಸರಿಹೊಂದಬೇಕು ಅಂತ ಒಂದು ಭಾನುವಾರ ಪೂರ್ತಿ ಫೋಟೋ ಹುಡುಕಿದ್ದೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ತೂಗಿ, ಹಳೇ ಅಂಕಿ ಮುಚ್ಚಿ, ಹೊಸದು ಬರೆಯುತ್ತಿದ್ದರು. ಮುಚ್ಚಿದ ಜಾಗದಲ್ಲಿ ಬಣ್ಣ ಹೊಸದಾಗಿ, ಸುತ್ತಲಿನದಕ್ಕಿಂತ ಗಾಢವಾಗಿ ಕಾಣುತ್ತೆ. ಅದನ್ನೂ ಬಿಡದೆ ಮಾಡಿದ್ದೆ, ಉಗುರಿನ ಅರ್ಧದಷ್ಟು ಜಾಗಕ್ಕೆ. ಅಂಕಿ ಬರೆದೆ, ಆ ಅಂಕಿ ಏನು ಹೇಳುತ್ತಿದೆ ಅಂತ ಓದಲಿಲ್ಲ.

ಲೋಡು ಕೀಳಬೇಕು. ಅಂಟು ಗಟ್ಟಿಯಾಗಿದೆ. ಗೋಡೆಗಳು ತೆಳ್ಳಗಿವೆ, ಚಾಕು ಹಾಕೋಕೆ ಭಯ. ಇವತ್ತು ಬೇಡ.

ಊಟ ಸೇರಲಿಲ್ಲ ಇವತ್ತು. ಮಾವ ಮೆಟ್ಟಿಲು ಇಳಿಯುವಾಗ ಕೊನೇ ಮೆಟ್ಟಿಲು ಕಾಣದೆ ಕಾಲಲ್ಲಿ ತಡವಿದರು. ಕೈ ಹಿಡಿಯೋಕೆ ಹೋದೆ, ಬಿಡಿಸಿಕೊಂಡರು. ಕತ್ತಲಲ್ಲಿ, ಮಳೆಯಲ್ಲಿ, ಹದಿನಾರು ಟನ್ ಹೊತ್ತುಕೊಂಡು ಘಾಟಿ ಇಳಿಸಿದ ಮನುಷ್ಯ. ಮೆಟ್ಟಿಲು. ಅದೇ ಕಣ್ಣ ಮುಂದೆ ಬರುತ್ತಿದೆ.

ಪೊರೆ ತೆಗೆಯೋದು ಈಗ ದೊಡ್ಡ ವಿಷಯ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು.

ಮತ್ತೆ ಮೇಜಿನ ಹತ್ತಿರ ಬಂದೆ. ಈಗ ಕಾಡುತ್ತಿರೋದು ಆ ಒಂದು ಗೊಂಡೋಲಾ ಅಲ್ಲ. ನನ್ನ ಪಟ್ಟಿ.

ನಾಲ್ಕು ವರ್ಷದಿಂದ ಒಂದು ಪಟ್ಟಿ ಮಾಡುತ್ತಾ ಬಂದಿದ್ದೇನೆ, ನಿಮ್ಮಲ್ಲಿ ಕೆಲವರಿಗೆ ಗೊತ್ತು. 1940ರಿಂದ 1955ರ ಒಳಗಿನ ಯಾರ್ಡಿನ ಫೋಟೋಗಳು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇರೋವು, ಅದರಲ್ಲೂ 1942–43ರಲ್ಲಿ ಜ್ಯಾಕ್ ಡೆಲಾನೋ ಶಿಕಾಗೋ ಸುತ್ತ ತೆಗೆದವು. ಬಣ್ಣದಲ್ಲೂ ಇವೆ. ಒಂದೇ ಕೆಂಗಂದು ಬಳಿದ ಬಾಕ್ಸ್‌ಕಾರ್‌ಗಳು ಪಕ್ಕಪಕ್ಕ ನಿಂತಿದ್ದರೂ ಒಂದರ ಹಾಗೆ ಒಂದಿಲ್ಲ, ಒಂದು ಇಟ್ಟಿಗೆ, ಒಂದು ಒಣಗಿದ ಮಣ್ಣು, ಒಂದು ಮಸಿ. ದೊಡ್ಡದು ಮಾಡಿ ನೋಡಿ, ವ್ಯಾಗನ್ ಯಾವ ರೈಲ್‌ರೋಡಿನದು, ನಂಬರ್ ಏನು, ಲೋಡು ಏನು ಅಂತ ಬರೆದುಕೊಳ್ಳುತ್ತೇನೆ. ನಂಬರ್ ಸಿಕ್ಕರೆ ಆ ಕಾಲದ ಎಕ್ವಿಪ್‌ಮೆಂಟ್ ರಿಜಿಸ್ಟರ್ ತೆಗೆದರೆ ಆಯಿತು, ಒಳಗಿನ ಉದ್ದ, ಅಗಲ, ಎತ್ತರ, ಎಷ್ಟು ಪೌಂಡ್ ಹೊರುತ್ತೆ, ಎಲ್ಲಾ ಸಿಗುತ್ತೆ. ಲೋಡಿಗೆ ಮಾತ್ರ ಕಣ್ಣೇ ಗತಿ. ಗಾರ್ಡ್ ಬರೆದಿಟ್ಟ ಪುಸ್ತಕ ಸಿಕ್ಕರೆ ಪುಣ್ಯ, ಅದರಲ್ಲಿ ವ್ಯಾಗನ್ ನಂಬರ್ ಪಕ್ಕ ಲೋಡೋ ಖಾಲಿಯೋ ಅಂತ ಇರುತ್ತೆ. ಎಲ್ಲಾ ರೈಲಿಗೂ ಅದು ಉಳಿದಿಲ್ಲ.

ಆ ಪಟ್ಟಿಯಲ್ಲಿ ಗೊಂಡೋಲಾಗಳ ಮುಂದೆ ಅರ್ಧಕ್ಕಿಂತ ಜಾಸ್ತಿ ಕಡೆ "ಖಾಲಿ" ಅಂತ ಬರೆದಿದ್ದೇನೆ. ಏನೂ ಕಾಣಲಿಲ್ಲ, ಖಾಲಿ. ನನ್ನ ಹಳಿಗಳ ಮೇಲೂ ಅದೇ ಲೆಕ್ಕದಲ್ಲಿ ಅರ್ಧ ಗೊಂಡೋಲಾ ಖಾಲಿ ಓಡಿಸುತ್ತೇನೆ.

ಫೋಟೋ ತೆಗೆದವನು ಎಲ್ಲಿ ನಿಂತಿದ್ದ? ಬಹಳಷ್ಟು ಸಲ ನೆಲದ ಮೇಲೆ. ಗೊಂಡೋಲಾದ ತಳ ಹಳಿಯಿಂದ ಮೂರೂವರೆ ಅಡಿ ಮೇಲಿರುತ್ತೆ. ಅದರ ಮೇಲೆ ಮೂರೂವರೆ ಅಡಿ ಗೋಡೆ. ಆ ಗೋಡೆಯ ಆಚೆ ಏಳು ಇಂಚಿನ ಉಕ್ಕು ಅವನಿಗೆ ಹೇಗೆ ಕಾಣುತ್ತೆ? ಅವನ ಕ್ಯಾಮೆರಾಗೂ ಕಂಡಿಲ್ಲ, ನನಗೂ ಕಂಡಿಲ್ಲ. ಖಾಲಿ ಅಂತ ಬರೆದಿದ್ದರಲ್ಲಿ ಎಷ್ಟು 70 ಟನ್ ಹೊತ್ತು ನಿಂತಿದ್ದವೋ. ಮಿಲ್ಲಿನ ಕಡೆಯಿಂದ ಬರ್ತಿರೋ ರೈಲಿನಲ್ಲಿ ಇಷ್ಟೊಂದು ಖಾಲಿ ಗೊಂಡೋಲಾ ಯಾಕೆ ಅಂತ ಒಂದು ಸಲ ನನಗೇ ಅನಿಸಿತ್ತು. ಮಿಲ್ಲಿಗೆ ಖಾಲಿ ಹೋಗಬೇಕು, ಅಲ್ಲಿಂದ ತುಂಬಿ ಬರಬೇಕು. ಅನಿಸಿದ್ದನ್ನು ಅಲ್ಲೇ ಬಿಟ್ಟು ಮುಂದಿನ ಫೋಟೋಗೆ ಹೋಗಿಬಿಟ್ಟೆ.

ಆ ಲೋಡು ಕಟ್ಟಿದವರ ಬಗ್ಗೆ ಯೋಚನೆ ಬಂತು. ಅಸೋಸಿಯೇಷನ್ ಆಫ್ ಅಮೆರಿಕನ್ ರೈಲ್‌ರೋಡ್ಸ್ ತೆರೆದ ವ್ಯಾಗನ್‌ಗಳಿಗೆ ಲೋಡು ಹೇಗೆ ಕಟ್ಟಬೇಕು ಅಂತ ನಿಯಮಗಳ ಪುಸ್ತಕವನ್ನೇ ಅಚ್ಚು ಹಾಕುತ್ತಿತ್ತು, ಚಿತ್ರಗಳ ಸಮೇತ. ಅಡ್ಡಪಟ್ಟಿ ಎಲ್ಲಿ ಬಡಿಯಬೇಕು, ತಂತಿ ಎಷ್ಟು ಸುತ್ತು, ಕಂಬ ಎಷ್ಟು ದಪ್ಪ. ಬ್ರೇಕ್ ಹಾಕಿದಾಗ ಉಕ್ಕು ಮುಂದೆ ಜಾರಬಾರದು. ಹೊರಗಿನವರ ಕಣ್ಣಿಗೆ ಬೀಳದ ಕೆಲಸ, ಗೋಡೆಯ ಒಳಗೇ ಉಳಿಯೋದು. ಎರಡು ಮಿಲಿಮೀಟರ್ ಲೋಡು ಮಾಡಿದರೆ ಆ ಮರದ ತುಂಡುಗಳು, ತಂತಿ, ಮೊಳೆ ಎಲ್ಲಾ ಮೇಲಿಂದ ಕಾಣುತ್ತೆ. ನನ್ನ ದೊಡ್ಡ ಲೋಡು ಅದನ್ನೆಲ್ಲಾ ಮುಚ್ಚಿಬಿಟ್ಟಿತ್ತು. ತಳದ ಹಲಗೆಗಳೂ ಕಾಣುತ್ತವೆ, ಅಲ್ಲಲ್ಲಿ ಹಳೇ ಲೋಡಿನ ತುಣುಕು, ಮುರಿದ ಮರದ ಚೂರು. ಮಾಡಬೇಕು ಅದನ್ನ. ತೆಳ್ಳನೆ ಹಿತ್ತಾಳೆ ತಗಡಿನಲ್ಲೇ ಮಾಡಿದರೆ ಪ್ಲೇಟಿನ ಅಂಚು ನಿಜವಾಗಿ ಚೂಪಾಗಿ ಬರುತ್ತೆ.

ಹಂದಿಕಬ್ಬಿಣ, ಅಂದರೆ ಕುಲುಮೆಯಿಂದ ಬಂದ ಕಚ್ಚಾ ಕಬ್ಬಿಣದ ಗಟ್ಟಿಗಳು, ಆಗಿದ್ದರೆ ಇನ್ನೂ ಬೇರೆ. ಅದನ್ನು ಎರಡು ತುದಿಯಲ್ಲಿ, ಚಕ್ರಗಳ ಮೇಲೆ ಬರೋ ಹಾಗೆ ಎರಡು ಗುಡ್ಡೆ ಹಾಕಿ, ನಡುವೆ ಖಾಲಿ ಬಿಡುತ್ತಿದ್ದರು. ಮಾವನಿಗೆ ಹೇಳಿದರೆ ತಕ್ಷಣ ಯಾಕೆ ಅಂತ ಹೇಳುತ್ತಾರೆ.

ಟೈರ್ ನೋಡು ಅಂದರಲ್ಲಾ. ರೈಲಿಗೆ ಟೈರ್ ಇಲ್ಲ. ಸ್ಪ್ರಿಂಗ್ ಇದೆ.

ಇದು ಹೊಳೆದಿದ್ದು ಹತ್ತೂವರೆಗೆ. ದೀಪ ಆರಿಸಿ ಮಲಗಿದವನು ಎದ್ದು ಬಂದೆ. ಚಕ್ರಗಳ ಚೌಕಟ್ಟಿನ ನಡುವೆ ಸುರುಳಿ ಸ್ಪ್ರಿಂಗ್‌ಗಳು ಹೊರಗೇ ಕಾಣುತ್ತವೆ. ಖಾಲಿ ಇದ್ದಾಗ ಸುರುಳಿಗಳ ನಡುವೆ ಸಂದು ಇರುತ್ತೆ, ತುಂಬಿದಾಗ ಒತ್ತಿಕೊಂಡು ಸಂದು ಸಣ್ಣದಾಗುತ್ತೆ. ವ್ಯಾಗನ್ ಕೆಳಗೆ ಕೂತರೆ, ಪಕ್ಕದ ವ್ಯಾಗನ್ನಿಗೆ ಜೋಡಿಸೋ ಕೊಂಡಿ, ಅಂದರೆ ಕಪ್ಲರ್ ಕೂಡ ಕೆಳಗಿಳಿಯುತ್ತೆ. ಕಪ್ಲರ್ ಹಳಿಯಿಂದ 34½ ಇಂಚಿಗಿಂತ ಮೇಲಿರಬಾರದು, 31½ ಇಂಚಿಗಿಂತ ಕೆಳಗೆ ಹೋಗಬಾರದು ಅಂತ ನಿಯಮ. ಮೂರು ಇಂಚು. ಪಕ್ಕಪಕ್ಕದ ಎರಡು ವ್ಯಾಗನ್ ಸರಿಯಾಗಿ ಕಂಡರೆ ಆ ಮೂರು ಇಂಚಿನ ಒಳಗೆ ಯಾವುದು ಕೂತಿದೆ ಅಂತ ಅಳೆಯಬಹುದಾ? ಚಕ್ರ 33 ಇಂಚು ಅಂತ ಗೊತ್ತು, ಅದನ್ನೇ ಅಳತೆಗೋಲು ಮಾಡಿಕೊಂಡರೆ ಆಗಬೇಕು. ಹಳೇ ಚಕ್ರ ಸವೆದಿದ್ದರೆ ಕಪ್ಲರ್ ಹೇಗಿದ್ದರೂ ಕೆಳಗಿರುತ್ತೆ, ಹಾಗಾಗಿ ಅದೊಂದನ್ನೇ ನಂಬೋ ಹಾಗಿಲ್ಲ. ಸ್ಪ್ರಿಂಗೇ ವಾಸಿ.

ಪಟ್ಟಿಯಲ್ಲಿ "ಖಾಲಿ" ಅಂತಿರೋ ಮೊದಲ ಫೋಟೋ ತೆಗೆದಿದ್ದೇನೆ. ಮೂರನೇ ಹಳಿಯಲ್ಲಿ ಎರಡು ಗೊಂಡೋಲಾ, ಒಂದರ ಹಿಂದೆ ಒಂದು. ಮುಂದಿನದರ ಸ್ಪ್ರಿಂಗ್ ಮೇಲೆ ನೆರಳು ಬಿದ್ದಿದೆ, ಏನೂ ಗೊತ್ತಾಗಲ್ಲ. ಹಿಂದಿನದರ ಮೇಲೆ ಬಿಸಿಲಿದೆ. ದೊಡ್ಡದು ಮಾಡ್ತಾ ಹೋದೆ. ಸುರುಳಿ ಎಣಿಸಬಹುದು. ಮೇಲಿನ ಎರಡರ ನಡುವೆ ಬೆಳಕೇ ಕಾಣ್ತಿಲ್ಲ, ಅದರ ಕೆಳಗಿನದು